ಲಾಳ ಹೊಡೆಸಿದ ಮೇಲೆ ಏನೇನು ನೋಡ್ಬೇಕು: ಪುಟ್ಟಿಗೆ ಮಾವನ ಉತ್ತರ

ಪುಟ್ಟಿ, ನೀನು ಮನೆಯವರ ಗ್ರೂಪಿಗೆ ಕಳಿಸಿದ ಫೋಟೋ, ವಿಡಿಯೋ ಎಲ್ಲಾ ನೋಡ್ದೆ. ಫೋನಲ್ಲಿ ಸರಿಯಾಗಿ ಕಾಣ್ಲಿಲ್ಲ ಅಂತ ಮಗನ ಲ್ಯಾಪ್‌ಟಾಪಿಗೆ ಹಾಕಿಸ್ಕೊಂಡು ದೊಡ್ಡದು ಮಾಡಿ ನೋಡ್ದೆ. "ಮಾವ, ಕಂದು ಕುದುರೆಗೆ ಇವತ್ತು ನಾಲ್ಕೂ ಕಾಲಿಗೆ ಹೊಸ ಲಾಳ ಹೊಡೆಸಿದ್ವಿ, ಕೆಲಸ ಚೆನ್ನಾಗಿದೆಯೋ ಇಲ್ವೋ ನಮಗೆ ಹೇಗೆ ಗೊತ್ತಾಗುತ್ತೆ" ಅಂತ ಕೇಳಿದ್ದೀಯ. ಕುದುರೆ ಸಾಕೋರು ಕೇಳ್ಲೇಬೇಕಾದ ಪ್ರಶ್ನೆ ಅದು. ಎಷ್ಟೋ ಜನ ದುಡ್ಡು ಕೊಟ್ಟು ಕಳಿಸಿಬಿಡ್ತಾರೆ, ಕುದುರೆ ಕುಂಟಿದ ಮೇಲೆ ಕಾಲೆತ್ತಿ ನೋಡ್ತಾರೆ. ಸ್ವಲ್ಪ ಉದ್ದ ಆಗುತ್ತೆ, ಅಳಿಯಂದಿರನ್ನೂ ಪಕ್ಕದಲ್ಲಿ ಕೂರಿಸ್ಕೊಂಡು ಕೇಳು.

ಮೊದಲು ಅಕ್ಕನಿಗೆ ಒಂದು ಮಾತು. ಅಕ್ಕ, ನೀನು "ಗೊರಸು ಎಷ್ಟು ಚಿಕ್ಕದಾಗಿ ಚೊಕ್ಕವಾಗಿ ಕಾಣ್ತಿದೆ, ಹೇಗೆ ಮಿಂಚ್ತಿದೆ" ಅಂತ ಬರೆದಿದ್ದೀಯ. ನನಗೆ ಕಳವಳ ಆಗಿದ್ದು ಅದನ್ನ ನೋಡೇ. ಲಾಳ ಹೊಡೆಸಿದ ದಿನ ಗೊರಸು ಮೊದಲಿಗಿಂತ ಬಹಳ ಚಿಕ್ಕದಾಗಿ ಕಂಡ್ರೆ, ಕೈಲಿದ್ದ ಚಿಕ್ಕ ಲಾಳ ಹೊಡೆದು, ಹೊರಗೆ ಉಳಿದ ಗೊರಸನ್ನ ಅರ ಹಾಕಿ ಉಜ್ಜಿರ್ತಾರೆ ಅಂತ ಅನುಮಾನ ಪಡ್ಬೇಕು. ಲಾಳವನ್ನ ಕಾಲಿಗೆ ತಕ್ಕಂತೆ ಬಗ್ಗಿಸ್ಬೇಕೇ ಹೊರತು ಕಾಲನ್ನ ಲಾಳಕ್ಕೆ ತಕ್ಕಂತೆ ಉಜ್ಜಬಾರ್ದು. ರೇಸ್‌ಕೋರ್ಸ್ ಲಾಯದಲ್ಲಿ ಕೆಲಸ ಮಾಡಿದಷ್ಟು ಕಾಲವೂ ನಾನು ಮಾಲೀಕರಿಗೆ ಹೇಳ್ತಾ ಬಂದಿದ್ದು ಇದೊಂದನ್ನೇ.

ಅದು ಗೊತ್ತಾಗೋದು ಹೇಗೆ ಅಂದ್ರೆ, ಕುದುರೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡು. ಕೂದಲು ಮುಗಿದು ಗೊರಸು ಶುರುವಾಗೋ ಗೆರೆಯಿಂದ ನೆಲದವರೆಗೆ ಗೊರಸಿನ ಮುಂಭಾಗ ಒಂದೇ ನೇರಕ್ಕೆ ಇಳೀಬೇಕು. ನಿಮ್ಮ ಕುದುರೆಯ ಎಡ ಮುಂಗಾಲಲ್ಲಿ ಮೇಲಿನ ಮುಕ್ಕಾಲು ಭಾಗ ನೇರ ಬಂದು, ಕೆಳಗೆ ಒಳಕ್ಕೆ ಬಾಗಿದೆ. ಎಣ್ಣೆ ಬಳಿದಿರೋದ್ರಿಂದ ಎದ್ದು ಕಾಣ್ತಿಲ್ಲ ಅಷ್ಟೆ. ಒದ್ದೆ ಬಟ್ಟೆ ತಗೊಂಡು ಒರೆಸಿ ನೋಡು, ಕೆಳಭಾಗದಲ್ಲಿ ಅರದ ಗೀರು ಕಾಣುತ್ತೆ, ಗೊರಸಿನ ಸಹಜ ಹೊಳಪು ಅಲ್ಲಿಗೆ ಬಂದು ನಿಂತಿರುತ್ತೆ. ಕುದುರೆ ಭಾರ ಹೊರೋದು, ಮೊಳೆ ಹಿಡ್ಕೊಳ್ಳೋದು ಆ ಹೊರಗೋಡೆನೇ. ಅದನ್ನ ಹೊರಗಿಂದ ಉಜ್ಜಿ ತೆಳು ಮಾಡಿದ್ರೆ ಬಿಸಿಲಿಗೆ ಒಣಗಿ ಸಿಗಿಯುತ್ತೆ, ಮೊಳೆ ಸಡಿಲ ಆಗುತ್ತೆ, ಲಾಳ ಬೀಳೋವಾಗ ಗೊರಸಿನ ಚೂರನ್ನೂ ಕಿತ್ಕೊಂಡೇ ಬೀಳುತ್ತೆ. ಗೊರಸು ಬೆಳೆಯೋದು ತಿಂಗಳಿಗೆ ಹೆಚ್ಚುಕಮ್ಮಿ ಒಂದು ಸೆಂಟಿಮೀಟರ್ ಒಳಗೆ. ಮುಂಭಾಗ ಮೇಲಿಂದ ಕೆಳಗಿನವರೆಗೆ ಪೂರ್ತಿ ಹೊಸದಾಗಿ ಬರೋಕೆ ವರ್ಷದ ಹತ್ತಿರ ಹತ್ತಿರ ಬೇಕು. ಅರ್ಧ ಗಂಟೆಯಲ್ಲಿ ಉಜ್ಜಿ ತೆಗೆದಿದ್ದು ಬೇಗ ವಾಪಸ್ ಬರಲ್ಲ ಅನ್ನೋದಕ್ಕೇ ಇಷ್ಟು ಒತ್ತಿ ಹೇಳ್ತಿದ್ದೀನಿ.

ಅದೇ ಕುದುರೆಯ ಬಲ ಮುಂಗಾಲು ಚೆನ್ನಾಗಿದೆ, ಅದನ್ನೂ ಹೇಳ್ಬೇಕು. ಮುಂದಿನ ಗೆರೆ ನೇರ ಇದೆ. ಗೊರಸಿನ ಇಳಿಜಾರು ಮತ್ತೆ ಅದರ ಮೇಲಿನ ಪಾಸ್ಟರ್ನ್, ಅಂದ್ರೆ ಗೊರಸಿಗೂ ಮೇಲಿನ ಗಿಣ್ಣಿಗೂ ನಡುವಿನ ಭಾಗದ ಇಳಿಜಾರು, ಒಂದೇ ಗೆರೆಯಲ್ಲಿ ಸಾಗ್ತಿದೆ. ಕೋನ ಇಷ್ಟೇ ಡಿಗ್ರಿ ಇರ್ಬೇಕು ಅಂತ ಯಾರಾದ್ರೂ ಲೆಕ್ಕ ಹೇಳಿದ್ರೆ ತಲೆ ಕೆಡಿಸ್ಕೋಬೇಡ, ಒಂದೊಂದು ಕುದುರೆಗೆ ಒಂದೊಂದು ಥರ. ಎರಡು ಇಳಿಜಾರೂ ಕೂಡ್ಬೇಕು, ಅಷ್ಟು ನೋಡು. ಮುಂಭಾಗ ಉದ್ದ ಬಿಟ್ಟು ಹಿಮ್ಮಡಿ ತಗ್ಗಿಸಿದ್ರೆ ಆ ಗೆರೆ ಹಿಂದಕ್ಕೆ ಮುರಿದ ಹಾಗೆ ಕಾಣುತ್ತೆ. ಅಂಥ ಕಾಲಲ್ಲಿ ಪ್ರತಿ ಹೆಜ್ಜೆಗೂ ಕಾಲಿನ ಹಿಂದಿನ ನರ (ಟೆಂಡನ್) ಎಳೀತಾ ಇರುತ್ತೆ.

ಇನ್ನು ಹಿಮ್ಮಡಿ. ಜನ ಮುಂದುಗಡೆ ನೋಡಿ ಸುಮ್ಮನಾಗ್ತಾರೆ, ಆದರೆ ಲಾಳದ ಕೆಲಸದ ಯೋಗ್ಯತೆ ಗೊತ್ತಾಗೋದು ಹಿಂದುಗಡೆ. ಕಾಲೆತ್ತಿ ನೋಡು, ಲಾಳದ ಎರಡು ತುದಿ ಎಲ್ಲಿಗೆ ಬಂದು ನಿಂತಿವೆ? ಹಿಮ್ಮಡಿ ಮುಗಿಯೋವರೆಗೂ ಅದಕ್ಕೆ ಕೆಳಗಿಂದ ಆಸರೆ ಇರ್ಬೇಕು. ನಿಮ್ಮ ಎಡ ಮುಂಗಾಲಲ್ಲಿ ಲಾಳ ಮೊದಲೇ ನಿಂತುಬಿಟ್ಟಿದೆ. ಗೊರಸು ಬೆಳೀತಾ ಮುಂದಕ್ಕೆ ಸಾಗುತ್ತೆ, ಮೊಳೆ ಹೊಡೆದ ಲಾಳವೂ ಅದರ ಜೊತೆ ಮುಂದಕ್ಕೆ ಹೋಗುತ್ತೆ. ಇವತ್ತೇ ಗಿಡ್ಡ ಇರೋದು ಇನ್ನೊಂದು ತಿಂಗಳಿಗೆ ಏನಾಗುತ್ತೆ ಯೋಚನೆ ಮಾಡು. ಕೊನೆಗೆ ಲಾಳದ ತುದಿ ಅಂಗಾಲನ್ನೇ ಒತ್ತೋಕೆ ಶುರು ಮಾಡುತ್ತೆ. ಗೊರಸಿನ ಅತಿ ಅಗಲದ ಜಾಗದಿಂದ ಹಿಂದಕ್ಕೆ ಲಾಳ ಸ್ವಲ್ಪ ಹೊರಗೆ ಕಾಣ್ಬೇಕು, ಒಂದು ನಾಣ್ಯದ ದಪ್ಪದಷ್ಟು ಸಾಕು. ಭಾರ ಬಿದ್ದಾಗ ಹಿಮ್ಮಡಿ ಹಿಗ್ಗುತ್ತೆ, ಅದಕ್ಕೆ ಆ ಜಾಗ. ಜೋರಾಗಿ ಓಡೋ ಕುದುರೆಗೆ ಇದನ್ನ ಕಮ್ಮಿ ಬಿಡ್ತಾರೆ, ಯಾಕಂದ್ರೆ ಹಿಂಗಾಲು ಮುಂಗಾಲಿನ ಲಾಳ ತುಳಿದು ಕಿತ್ತುಹಾಕುತ್ತೆ. ನಿಮ್ಮದು ತೋಟದಲ್ಲಿ, ರಸ್ತೆ ಪಕ್ಕದಲ್ಲಿ ಮಕ್ಕಳನ್ನ ಕೂರಿಸ್ಕೊಂಡು ನಿಧಾನಕ್ಕೆ ನಡೆಯೋ ಕುದುರೆ. ಅದಕ್ಕೆ ಹಿಮ್ಮಡಿ ತುಂಬ ಆಸರೆ ಬೇಕು.

ಅದೇ ಕಾರಣಕ್ಕೆ ಮೊಳೆನೂ ಆ ಅಗಲದ ಜಾಗ ದಾಟಿ ಹಿಂದೆ ಹೋಗ್ಬಾರ್ದು. ಭಾವ, ನೀವು "ಇನ್ನೆರಡು ಮೊಳೆ ಜಾಸ್ತಿ ಹೊಡೆಸಿದ್ರೆ ಲಾಳ ಬೀಳಲ್ಲ" ಅಂದ್ರಲ್ಲ, ಬೇಜಾರು ಮಾಡ್ಕೋಬೇಡಿ, ಅದು ಸರಿಯಲ್ಲ. ಒಂದೊಂದು ಮೊಳೆಯೂ ಗೊರಸಿನ ಗೋಡೆಗೆ ಒಂದೊಂದು ತೂತು. ಸರಿಯಾಗಿ ಕೂತ ಲಾಳಕ್ಕೆ ಆರೋ ಏಳೋ ಮೊಳೆ ಧಾರಾಳ. ಹೊರಪಕ್ಕ ನಾಲ್ಕು, ಒಳಪಕ್ಕ ಮೂರು ಹೊಡೆಯೋದು ಹಳೇ ರೂಢಿ. ಲಾಳ ಪದೇ ಪದೇ ಬೀಳ್ತಿದೆ ಅಂದ್ರೆ ತಪ್ಪು ಸಮತಟ್ಟಿನಲ್ಲೋ ಅಳತೆಯಲ್ಲೋ ಇರುತ್ತೆ. ಗೊರಸಿಗೂ ಲಾಳಕ್ಕೂ ನಡುವೆ ಬೆಳಕು ತೂರ್ತಿದೆಯಾ ನೋಡ್ಬೇಕು. ತೂರಿದ್ರೆ ಎಷ್ಟು ಮೊಳೆ ಹೊಡೆದ್ರೂ ಅಷ್ಟೆ.

ಮೊಳೆ ತುದಿ ಹೊರಗೆ ಬಂದು ಮಡಿಸಿರೋ ಜಾಗ ನೋಡು ಪುಟ್ಟಿ. ಒಂದೇ ಸಾಲಲ್ಲಿ, ಗೊರಸಿನ ಎತ್ತರದಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಬಂದಿರ್ಬೇಕು. ಲಾಳದಿಂದ ಎರಡು ಸೆಂಟಿಮೀಟರ್‌ಗಿಂತ ಕೆಳಗೆ ಬಂದ್ರೆ ಹಿಡಿತ ಸಾಲಲ್ಲ, ತೀರಾ ಮೇಲೆ ಬಂದ್ರೆ ಜೀವ ಇರೋ ಮಾಂಸದ ಹತ್ತಿರ ಹೋಗಿದೆ ಅಂತ ಅರ್ಥ. ಬೆರಳಿಟ್ಟು ಸವರು, ಚುಚ್ಚಬಾರ್ದು. ನಿಮ್ಮ ಎಡಗಾಲಿನ ಒಳಪಕ್ಕದಲ್ಲಿ ಒಂದು ಮೊಳೆ ಮಿಕ್ಕವಕ್ಕಿಂತ ಬೆರಳಗಲ ಮೇಲೆ ಬಂದಿದೆ. ಅದರ ಮೇಲೆ ಕಣ್ಣಿಡು.

ನಮ್ಮ ಉಗುರು ಕತ್ತರಿಸೋವಾಗ ಬಿಳೀ ಭಾಗ ದಾಟಿದ್ರೆ ಜೀವಕ್ಕೆ ತಾಗುತ್ತಲ್ಲ, ಗೊರಸಿನಲ್ಲೂ ಹಾಗೇ. ಅಂಗಾಲಿನ ಅಂಚಲ್ಲಿ ಸುತ್ತಲೂ ಒಂದು ಬಿಳಿ ಗೆರೆ ಇದೆ, ಮೊಳೆ ಅದರ ಹೊರಗಿನ ಗೋಡೆಯಲ್ಲೇ ಇರ್ಬೇಕು. ಒಳಗೆ ಹೋದ್ರೆ ಕುದುರೆ ಆಗಲೇ ಕಾಲು ಕಿತ್ಕೊಳ್ಳುತ್ತೆ. ಕೆಲವು ಸಲ ಮೊಳೆ ನೇರ ಚುಚ್ಚಿರಲ್ಲ, ಒತ್ತಿಕೊಂಡು ಹೋಗಿರುತ್ತೆ. ಆಗ ಅವತ್ತು ಏನೂ ಗೊತ್ತಾಗಲ್ಲ, ಒಂದೆರಡು ದಿನ ಕಳೆದು ಕುಂಟೋಕೆ ಶುರು. ಅದಕ್ಕೇ ನಾಳೆ, ನಾಡಿದ್ದು ಬೆಳಿಗ್ಗೆ ಬಿಸಿಲೇರೋ ಮುಂಚೆ ನಾಲ್ಕೂ ಗೊರಸನ್ನ ಅಂಗೈಯಲ್ಲಿ ಮುಟ್ಟಿ ನೋಡು. ಒಂದು ಮಾತ್ರ ಬಿಸಿ ಇದೆಯಾ? ಗಿಣ್ಣಿನ ಹಿಂದೆ ಎರಡೂ ಪಕ್ಕ ಬೆರಳಿಟ್ರೆ ನಾಡಿ ಮೆಲ್ಲಗೆ ಸಿಗುತ್ತೆ. ಒಂದು ಕಾಲಲ್ಲಿ ಮಾತ್ರ ಜೋರಾಗಿ ಹೊಡ್ಕೊಳ್ತಿದ್ರೆ ತಡ ಮಾಡ್ಬೇಡಿ, ಪಶುವೈದ್ಯರನ್ನ ಕರೆಸಿ, ಲಾಳ ಹೊಡೆದೋರಿಗೂ ಫೋನ್ ಮಾಡಿ. ಮೊಳೆ ನೀವೇ ಕೀಳೋಕೆ ಹೋಗ್ಬೇಡಿ. ಇನ್ನೊಂದು ವಿಷಯ, ಕುದುರೆಗೆ ಧನುರ್ವಾಯು ಬಹಳ ಬೇಗ ತಗಲುತ್ತೆ, ಬಂದ್ರೆ ಉಳಿಸೋದು ಕಷ್ಟ. ಅದರ ಲಸಿಕೆ ಹಾಕಿಸಿ ಎಷ್ಟು ದಿನ ಆಯ್ತು ಅಂತ ಇವತ್ತೇ ಪುಸ್ತಕ ತೆಗೆದು ನೋಡು. ಹಾಕಿಸಿಲ್ಲ ಅಂದ್ರೆ ಲಾಳದ ಮಾತು ಆಮೇಲೆ, ಮೊದಲು ಅದು.

ಅಂಗಾಲಿನ ಫೋಟೋ ನೀನು ಒಂದೂ ಕಳಿಸಿಲ್ಲ. ನಡುವೆ ರಬ್ಬರಿನ ಹಾಗೆ ಇರೋ ಮುಕ್ಕೋನದ ಭಾಗ ಇದೆಯಲ್ಲ, ಫ್ರಾಗ್ ಅಂತಾರೆ, ಅದನ್ನ ಚೆಂದಕ್ಕೆ ಅಂತ ಪೂರ್ತಿ ಹೆರೆದು ಹಾಕಿರ್ಬಾರ್ದು. ಜೋತಾಡೋ ತುಂಡು ಮಾತ್ರ ತೆಗೀಬೇಕು. ಅಂಗಾಲನ್ನ ಹೆಬ್ಬೆರಳಲ್ಲಿ ಒತ್ತಿದ್ರೆ ತಗ್ಗಬಾರ್ದು. ತಗ್ಗಿದ್ರೆ ಚಾಕು ಜಾಸ್ತಿ ಆಡಿದೆ, ಜಲ್ಲಿ ಮೇಲೆ ಕಾಲಿಡೋಕೇ ಹೆದರುತ್ತೆ. ಕೆಟ್ಟ ವಾಸನೆ, ಕಪ್ಪು ರಸ ಕಂಡ್ರೆ ಅದು ಲಾಳದೋರ ತಪ್ಪಲ್ಲ, ಲಾಯದ ನೆಲ ಒದ್ದೆ ಇದೆ ಅಂತ. ಅದನ್ನ ನೀವೇ ಸರಿ ಮಾಡ್ಬೇಕು.

ವಿಡಿಯೋ ವಿಷಯ. ಹುಲ್ಲಿನ ಮೇಲೆ ನಡೆಸಿದ್ದೀರಿ, ಅದೂ ಹಗ್ಗ ಬಿಗಿ ಹಿಡ್ಕೊಂಡು. ಅದರಲ್ಲಿ ಏನೂ ಹೇಳೋಕಾಗಲ್ಲ. ಗಟ್ಟಿ ಸಮನೆಲದ ಮೇಲೆ, ಹಗ್ಗ ಸಡಿಲ ಬಿಟ್ಟು, ಮೊದಲು ನಡಿಗೆ, ಆಮೇಲೆ ಟ್ರಾಟ್, ಅಂದ್ರೆ ನಿಧಾನದ ಓಟ. ಮುಂದಿಂದ, ಹಿಂದಿಂದ, ಪಕ್ಕದಿಂದ ತೆಗಿ. ಮುಂದಿಂದ ನೋಡೋವಾಗ ಗೊರಸಿನ ಎರಡೂ ಪಕ್ಕ ಒಟ್ಟಿಗೆ ನೆಲ ಮುಟ್ಟುತ್ತಾ, ಒಂದು ಪಕ್ಕ ಮೊದಲು ತಾಗಿ ಆಮೇಲೆ ಇನ್ನೊಂದು ಪಕ್ಕ ಬೀಳುತ್ತಾ ಅಂತ ಗಮನಿಸು. ಟ್ರಾಟ್‌ನಲ್ಲಿ ತಲೆ ನೋಡು. ಮುಂಗಾಲಲ್ಲಿ ನೋವಿದ್ರೆ ಆ ಕಾಲು ನೆಲಕ್ಕೆ ತಾಗಿದಾಗ ತಲೆ ಮೇಲೇಳುತ್ತೆ, ಒಳ್ಳೇ ಕಾಲು ತಾಗಿದಾಗ ಕೆಳಗಿಳಿಯುತ್ತೆ. ಕಿವಿನೂ ಕೊಡು. ಮೈಸೂರಲ್ಲಿ ಅರಮನೆ ಸುತ್ತ ಟಾಂಗಾ ಹೊಡೆಯೋ ಹಳಬರು ಡಾಂಬರಿನ ಮೇಲೆ ಬೀಳೋ ಸದ್ದಲ್ಲೇ ಯಾವ ಕಾಲಿನ ಲಾಳ ಸಡಿಲ ಅಂತ ಹೇಳಿಬಿಡ್ತಾರೆ. ಒಂದು ಹೆಜ್ಜೆ ಸದ್ದು ಮಿಕ್ಕ ಮೂರಕ್ಕಿಂತ ಬೇರೆ ಕೇಳಿಸಿದ್ರೆ ನಿಲ್ಲಿಸಿ ಕಾಲೆತ್ತಿ ನೋಡು.

ಫೋಟೋನೂ ನೀನು ನಿಂತ್ಕೊಂಡು ಮೇಲಿಂದ ತೆಗೆದಿದ್ದೀಯ. ಫೋನನ್ನ ನೆಲದ ಹತ್ತಿರ, ಗೊರಸಿನ ಎತ್ತರಕ್ಕೇ ಹಿಡಿದು ತೆಗೀಬೇಕು. ಪ್ರತಿ ಸಲ ಲಾಳ ಹೊಡೆಸೋಕೆ ಮುಂಚೆ ಒಂದು, ಆದ ಮೇಲೆ ಒಂದು, ಹೀಗೆ ತೆಗೆದಿಟ್ಕೊಂಡ್ರೆ ವರ್ಷದಲ್ಲಿ ಕಾಲು ಸುಧಾರಿಸ್ತಿದೆಯೋ ಕೆಡ್ತಿದೆಯೋ ನಿನಗೇ ಕಾಣುತ್ತೆ. ಕಿತ್ತ ಹಳೇ ಲಾಳಾನೂ ಗುಜರಿಗೆ ಹಾಕ್ಬೇಡ, ತಿರುಗಿಸಿ ನೋಡು. ಒಂದೇ ಪಕ್ಕ ಜಾಸ್ತಿ ಸವೆದಿದ್ರೆ ಕುದುರೆ ಆ ಪಕ್ಕಕ್ಕೇ ಭಾರ ಹಾಕ್ತಿದೆ ಅಂತ. ಅದನ್ನ ಲಾಳದೋರಿಗೆ ತೋರಿಸಿ ಮಾತಾಡು.

ಅಳಿಯಂದ್ರು ಕೇಳಿದ್ರು, ಊರಲ್ಲಿ ಎತ್ತಿಗೆ ಲಾಳ ಕಟ್ಟೋರು ಹತ್ತಿರದಲ್ಲೇ ಇದ್ದಾರೆ, ಮುಂದಿನ ಸಲ ಅವರಿಗೇ ಹೇಳೋಣವಾ ಅಂತ. ಬೇಡಿ. ಅವರ ಕೈಕೆಲಸದ ಬಗ್ಗೆ ನನಗೆ ಗೌರವ ಇದೆ. ಆದರೆ ಎತ್ತಿಂದು ಸೀಳು ಗೊರಸು, ಒಂದು ಕಾಲಿಗೆ ಎರಡು ತೆಳು ತಗಡು, ಎತ್ತನ್ನ ಕೆಡವಿ ಕಟ್ತಾರೆ. ಕುದುರೆ ನಿಂತಿದ್ದಾಗ ಭಾರ ಹೇಗೆ ಬೀಳುತ್ತೆ ಅಂತ ನೋಡದೆ ಲಾಳ ಕೂರಿಸೋಕಾಗಲ್ಲ. ಹಾಗೇ ರೇಸ್ ಕುದುರೆಗೆ ಹಾಕೋ ಅಲ್ಯೂಮಿನಿಯಂ ಲಾಳ ಹಗುರ ಅಂತ ಆಸೆ ಪಡ್ಬೇಡಿ, ರಸ್ತೆಯಲ್ಲಿ ಬೇಗ ಸವೆದುಹೋಗುತ್ತೆ. ನಿಮಗೆ ಕಬ್ಬಿಣದ್ದೇ ಸರಿ. ಕಾಯಿಸಿ ಕೂರಿಸಿದ್ರೇನೇ ಒಳ್ಳೇದು ಅಂತ ಕೆಲವರು ಹೇಳ್ತಾರೆ. ಬಲ್ಲವರ ಕೈಯಲ್ಲಿ ಅದು ಚೆನ್ನಾಗಿ ಕೂರುತ್ತೆ ನಿಜ, ತಣ್ಣಗೇ ಬಡಿದು ಅಳತೆಗೆ ತಂದು ಹೊಡೆದ್ರೂ ತಪ್ಪಿಲ್ಲ.

ಒಳ್ಳೇ ಕೆಲಸಗಾರನನ್ನ ಗುರುತಿಸೋಕೆ ಅವನು ಚಾಕು ಹಿಡಿಯೋ ಮುಂಚೆ ಏನು ಮಾಡ್ತಾನೆ ನೋಡು. ಬಂದ ತಕ್ಷಣ ಕಾಲೆತ್ತಲ್ಲ, ಒಂದಿಷ್ಟು ದೂರ ನಡೆಸಿ ಅಂತಾನೆ, ಹಳೇ ಲಾಳ ನೋಡ್ತಾನೆ. ಹೊಸ ಲಾಳವನ್ನ ಗೊರಸಿಗೆ ಹಿಡಿದು ನೋಡಿ, ಮತ್ತೆ ಅಡಿಗಲ್ಲಿನ ಮೇಲಿಟ್ಟು ಬಡೀತಾನೆ, ಮತ್ತೆ ಹಿಡಿದು ನೋಡ್ತಾನೆ. ಮೊಳೆ ಹೊರಗೆ ಬಂದ ಕೂಡಲೇ ತುದಿ ತಿರುಚಿ ಮುರೀತಾನೆ, ಕುದುರೆ ಕಾಲೆಳೆದ್ರೆ ತನ್ನ ತೊಡೆ ಸೀಳ್ಬಾರ್ದು ಅಂತ. ಕುದುರೆ ಗಾಬರಿಯಾದ್ರೆ ಹೊಡೆಯಲ್ಲ, ಕಾಲು ಇಳಿಸಿ ಬಿಡ್ತಾನೆ. ನೀವೂ ನಿಮ್ಮ ಪಾಲಿಂದು ಮಾಡ್ಬೇಕು. ನೆರಳಲ್ಲಿ ಸಮನೆಲ ಕೊಡಿ, ಕಾಲು ತೊಳೆದು ಒಣಗಿಸಿಡಿ, ಕುದುರೆ ಹಿಡ್ಕೊಳ್ಳೋಕೆ ಗೊತ್ತಿರೋರು ನಿಂತ್ಕೊಳ್ಳಿ, ಬೇಗ ಮುಗಿಸಿ ಅಂತ ಅವಸರ ಮಾಡ್ಬೇಡಿ. "ಲಾಳ ಇನ್ನೂ ಸವೆದಿಲ್ಲವಲ್ಲ" ಅಂತ ಎರಡು ಮೂರು ತಿಂಗಳು ತಳ್ಳೋದಂತೂ ಬೇಡ್ವೇ ಬೇಡ. ಲಾಳ ಸವೆಯದಿದ್ರೂ ಗೊರಸು ಬೆಳೆದಿರುತ್ತೆ. ಸುಮಾರು ಆರು ವಾರಕ್ಕೆ ಬಿಚ್ಚಿಸಿ, ಗೊರಸು ಕತ್ತರಿಸಿ, ಲಾಳ ಗಟ್ಟಿ ಇದ್ರೆ ಅದನ್ನೇ ತಿರುಗಿ ಹೊಡೆಸಬಹುದು.

ಈಗ ನಿಮ್ಮ ಎಡಗಾಲಿಗೆ ಬರ್ತೀನಿ. ಲಾಳ ಹೊಡೆದೋರಿಗೆ ನಾಳೆ ಬೆಳಿಗ್ಗೆನೇ ಫೋನ್ ಮಾಡು. ಜಗಳದ ದನಿ ಬೇಡ. "ಬಲಗಾಲು ಬಹಳ ಚೆನ್ನಾಗಿ ಕೂತಿದೆ, ಎಡಗಾಲಿನ ಲಾಳ ಹಿಮ್ಮಡಿಗೆ ಗಿಡ್ಡ ಅನ್ನಿಸ್ತಿದೆ, ಒಂದು ಸೈಜ್ ದೊಡ್ಡದು ತಂದು ಬದಲಾಯಿಸಿಕೊಡ್ತೀರಾ" ಅಂತ ಕೇಳು. ಬಲಗಾಲು ಅಷ್ಟು ಚೆನ್ನಾಗಿ ಮಾಡಿರೋರಿಗೆ ಕೆಲಸ ಗೊತ್ತಿದೆ, ಆ ಅಳತೆಯ ಲಾಳ ಕೈಲಿ ಇರ್ಲಿಲ್ಲ ಅಂತ ಕಾಣುತ್ತೆ. ಬದಲಾಯಿಸೋವಾಗ ಮುಂಭಾಗಕ್ಕೆ ಇನ್ನು ಅರ ಮುಟ್ಟಿಸಬೇಡಿ ಅಂತ ಹೇಳು, ಹಳೇ ತೂತಿಗೇ ಮೊಳೆ ಹೊಡೀದೆ ಗಟ್ಟಿ ಜಾಗ ನೋಡಿ ಹೊಡೀಲಿ. ಅಲ್ಲಿವರೆಗೆ ಯಾರನ್ನೂ ಮೇಲೆ ಕೂರಿಸ್ಬೇಡಿ, ಜಲ್ಲಿ ರಸ್ತೆಗೂ ಬಿಡ್ಬೇಡಿ. ಬೆಳಿಗ್ಗೆ ಗೊರಸು ಮುಟ್ಟಿ ನೋಡಿ, ಗಟ್ಟಿ ನೆಲದ ಮೇಲಿನ ವಿಡಿಯೋ, ಅಂಗಾಲಿನ ಫೋಟೋ ಕಳಿಸು. ಬಿಸಿ ಇದ್ರೆ ಗ್ರೂಪಿಗೆ ಹಾಕ್ತಾ ಕೂರ್ಬೇಡ, ಡಾಕ್ಟರಿಗೆ ಹೇಳಿ ನನಗೆ ನೇರ ಫೋನ್ ಮಾಡು, ಎಷ್ಟು ಹೊತ್ತಾದ್ರೂ ಸರಿ.