ಲಾಳ ಹೊಡೆಸಿದ ಮೂರನೇ ದಿನಕ್ಕೆ ಕುದುರೆ ಕುಂಟ್ತಿದೆ, ಏನ್ಮಾಡ್ಲಿ?

ತೋಟದ_ಕುದುರೆ:
ನಮಸ್ಕಾರ ಎಲ್ರಿಗೂ. ನಂಜನಗೂಡು ಹತ್ರ ನಮ್ದು ತೋಟ. ಹೋದ ವರ್ಷ ರೇಸ್ ಬಿಟ್ಟ ಹೆಣ್ಗುದುರೆ ಒಂದು ತಂದ್ವಿ, ಥರೋಬ್ರೆಡ್, 9 ವರ್ಷ, ಮಗಳು ಬೆಳಗ್ಗೆ ಸ್ವಲ್ಪ ಹೊತ್ತು ಸವಾರಿ ಮಾಡ್ತಾಳೆ ಅಷ್ಟೆ. ಯಾವಾಗ್ಲೂ ಮೈಸೂರಿಂದ ಲಾಳದವ್ರು ಬರ್ತಿದ್ರು, ಈ ಸಲ ಅವ್ರು ಸಿಗ್ಲಿಲ್ಲ ಅಂತ ಊರಲ್ಲಿ ಎತ್ತಿಗೆ ಲಾಳ ಕಟ್ಟೋರನ್ನ ಕರೆಸಿದೆ. ಹಿರೀಕರು, ಕೈ ಚುರುಕು, ಬೇಗ ಮುಗಿಸಿಬಿಟ್ರು. ಮೊದಲೆರಡು ದಿನ ಚೆನ್ನಾಗೇ ಇತ್ತು, ಈಗ ಮುಂದಿನ ಎಡಗಾಲು ಊರಕ್ಕೇ ಹಿಂದುಮುಂದು ನೋಡ್ತಿದೆ. ನಿಂತಾಗ ಆ ಕಾಲನ್ನ ಮುಂದಕ್ಕೆ ಚಾಚಿ ಇಡತ್ತೆ. ಬಾವು ಇಲ್ಲ, ಗೊರಸು ಮಾತ್ರ ಬಿಸಿ. ಪಕ್ಕದ ತೋಟದೋರು ಭುಜ ಉಳುಕಿದೆ, ಎಣ್ಣೆ ತಿಕ್ಕಿ ಅಂತಿದಾರೆ.

ಟಾಂಗಾ_ಮನೆಯವ:
ಎಣ್ಣೆ ಪಕ್ಕಕ್ಕಿಡಿ ಸಾರ್. ನಮ್ಮಪ್ಪ ಮೈಸೂರಲ್ಲಿ ಟಾಂಗಾ ಓಡಿಸ್ತಿದ್ರು, ನಾನು ಶಾಲೆಗೆ ಹೋಗೋಕ್ ಮುಂಚೆ ಕುದುರೆ ಕಾಲು ಹಿಡ್ಕೊಂಡು ನಿಂತೋನು. ಲಾಳದ ಮೊಳೆ ಜೀವದ ಒಳಗೇ, ಅಂದ್ರೆ ಗೊರಸಿನೊಳಗೆ ನೋವು ತಿಳಿಯೋ ಮೆತ್ತನೆ ಭಾಗಕ್ಕೇ ಹೋದ್ರೆ ಅಲ್ಲೇ ಕಾಲು ಕಿತ್ಕೊಳತ್ತೆ, ಜೀವದ ಪಕ್ಕದಲ್ಲಿ ಹೋದ್ರೆ ಒತ್ತಿ ಒತ್ತಿ ಹಿಂಗೇ ಎರಡು ಮೂರು ದಿನ ಬಿಟ್ಟು ಕುಂಟತ್ತೆ. ಕುದುರೆ ಮೊಳೆ ತುದಿ ಒಂದು ಬದಿಗೆ ಮಾತ್ರ ಇಳಿಜಾರು ಇರತ್ತೆ, ಅದೇ ಬದಿಗೆ ತಲೆ ಮೇಲೆ ಗುರುತು. ಗುರುತು ಪಾದದ ಒಳಮುಖಕ್ಕೆ ಬರ್ಬೇಕು, ಆಗ ಮೊಳೆ ತಾನಾಗೇ ಹೊರಕ್ಕೆ ಬಾಗಿ ಗೊರಸಿನ ಹೊರಗೋಡೆಯಿಂದ ಆಚೆ ಬರತ್ತೆ. ತಿರುಗಾಮುರುಗಾ ಹಿಡಿದ್ರೋ ಒಳಕ್ಕೇ ಹೋಗತ್ತೆ. ಅಪ್ಪ ಸುತ್ತಿಗೆ ಸದ್ದು ಕೇಳಿಸ್ಕೊಂಡೇ ಹೇಳ್ತಿದ್ರು, ಗಟ್ಟಿ ಗೊರಸಲ್ಲಿ ಟಣ್ ಟಣ್ ಅನ್ನತ್ತೆ, ಮೆತ್ತಗೆ ಡಬ್ ಅಂದ್ರೆ ನಿಲ್ಸಿ ಮೊಳೆ ಕಿತ್ತು ನೋಡ್ತಿದ್ರು.

ಬೆಳಗಾವಿ_ಗಾಡಿ:
ಎತ್ತಿನವ್ರಿಗೆ ಬೈಬ್ಯಾಡ್ರಿ ಮತ್ತ. ನಮ್ಮ ಕಡೆ ನಾಲಾ ಬಡಿಯೋದು ಅಂತೀವಿ, ಎರಡೂ ಬ್ಯಾರೆ ಬ್ಯಾರೆ ಕೆಲಸಾನ. ಎತ್ತಿನ ಗೊರಸು ಎರಡು ಹೋಳು, ಕಾಲಿಗೆ ಎರಡೆರಡು ತಗಡು, ನಾಲ್ಕೂ ಕಾಲಿಗೆ ಅಂದ್ರ ಎಂಟು. ಹಗ್ಗಾ ಹಾಕಿ ಕೆಡವಿ, ಕಾಲು ಕಟ್ಟಿ ಬಡೀತಾರ. ಕುದರಿಗೆ ನಿಂತಾಗನ ಕಾಲು ಎತ್ತಿ ತೊಡಿಯಾಗ ಇಟಗೊಂಡು ಬಡೀಬೇಕು. ಅದೂ ರೇಸಿನ ಕುದರಿ ಅಂದ್ರ ಗೊರಸಿನ ಗ್ವಾಡಿ ತೆಳ್ಳಗಿರತೈತಿ, ನಮ್ಮ ಗಾಡಿ ಕುದರಿಗತೆ ಅಲ್ಲ. ಕರಿಯೋ ಮೊದಲ ಕೇಳಬೇಕಿತ್ರಿ.

ಪಶುವೈದ್ಯೆ_ಹಾಸನ:
ಗೊರಸಿನ ಮೇಲೆ, ಗಂಟಿನ ಹಿಂದೆ ಎರಡೂ ಬದಿಗೆ ಬೆರಳಿಟ್ಟು ನೋಡಿ, ಇನ್ನೊಂದು ಕಾಲಿಗಿಂತ ನಾಡಿ ಜೋರಾಗಿ ಬಡೀತಿದ್ರೆ ತೊಂದ್ರೆ ಗೊರಸಿನ ಒಳಗೇ ಇದೆ ಅಂತ ಹೆಚ್ಚುಕಡಿಮೆ ಖಾತ್ರಿ. ಲಾಳ ಒಂದೇ ಸಲ ಎಳೆದು ಕೀಳಿಸ್ಬೇಡಿ, ಗೊರಸಿನ ಹೊರಗೆ ಮಡಚಿದ ಮೊಳೆ ತುದಿ ಬಿಡಿಸಿ ಒಂದೊಂದೇ ಮೊಳೆ ತೆಗೆಸಿ, ಯಾವ ಮೊಳೆ ತೆಗೆವಾಗ ಬೆಚ್ಚತ್ತೆ, ಯಾವ್ದು ಒದ್ದೆಯಾಗಿ ಬರತ್ತೆ ನೋಡಿ. ಕೀವು ಇದ್ರೆ ದಾರಿ ಮಾಡೋಕೆ ನೀವೇ ಚಾಕು ಹಾಕ್ಬೇಡಿ, ಡಾಕ್ಟ್ರು ಮಾಡ್ಲಿ. ಮುಖ್ಯ ಮಾತು, ಧನುರ್ವಾಯು ಇಂಜೆಕ್ಷನ್ ಹಾಕ್ಸಿದೀರಾ? ಕುದುರೆಗೆ ಅದು ತುಂಬಾ ಬೇಗ ತಗಲತ್ತೆ, ಇಂಥ ಸಣ್ಣ ತೂತು ಸಾಕು. ಇಲ್ಲಾಂದ್ರೆ ಇವತ್ತೇ ಫೋನ್ ಮಾಡಿ.

ತೋಟದ_ಕುದುರೆ:
ಎಲ್ರಿಗೂ ಥ್ಯಾಂಕ್ಸ್. ಡಾಕ್ಟ್ರು ಬಂದಿದ್ರು. ಅದೇ ಹಿರೀಕರನ್ನೂ ಕರೆಸಿದ್ವಿ, ಪಾಪ ಅವ್ರೇ ಮೊಳೆ ತೆಗೆದ್ರು. ಒಳಬದಿ ಎರಡನೇದು ತೆಗೆವಾಗ ಕಾಲು ಕಿತ್ಕೊಳ್ತು, ಮೊಳೆ ತುದೀಲಿ ಬೂದು ಬಣ್ಣದ ನೀರು, ಕೆಟ್ಟ ವಾಸ್ನೆ. ಗುರುತು ನೋಡಿದ್ರೆ ಅದೊಂದೇ ಹೊರಕ್ಕಿತ್ತು!! ಉಳಿದವೆಲ್ಲ ಸರಿ. ಡಾಕ್ಟ್ರು ತೂತು ತೊಳೆದು ಬ್ಯಾಂಡೇಜ್ ಕಟ್ಟಿ ಇಂಜೆಕ್ಷನ್ ಹಾಕಿದಾರೆ. ಆ ಕಾಲಿಗೆ ಮತ್ತೆ ಯಾವಾಗ ಲಾಳ?

ಟಾಂಗಾ_ಮನೆಯವ:
ಡಾಕ್ಟ್ರು ಹೂಂ ಅನ್ನೋವರ್ಗೂ ಬೇಡ ಸಾರ್. ಆ ತೂತಿಗಂತೂ ಮತ್ತೆ ಮೊಳೆ ಬೇಡವೇ ಬೇಡ, ಗೊರಸು ತಿಂಗಳಿಗೆ ಹೆಚ್ಚಂದ್ರೆ ಒಂದು ಸೆಂಟಿಮೀಟ್ರು ಬೆಳೆಯೋದು, ಕಾಯ್ಬೇಕು. ಅಲ್ಲೀವರ್ಗೂ ಒಣ ನೆಲದಲ್ಲಿ ಕಟ್ಟಿ, ಉಚ್ಚೆ ನಿಂತ ಜಾಗ ಬೇಡ, ಪಾದದ ಮಧ್ಯ ಮೆತ್ತಗೆ ವಿ ಥರ ಇರೋದು ಕರ್ರಗಾಗಿ ಕೊಳೆತು ನಾರತ್ತೆ, ಅದೊಂದು ಬೇರೆ ರಗಳೆ. ಮಿಕ್ಕ ಮೂರು ಕಾಲಿಗೆ ಆರು ವಾರ ಆಗ್ತಿದ್ದಂಗೆ ಲಾಳ ಗಟ್ಟಿ ಇದ್ರೂ ಬಿಚ್ಚಿಸಿ ಗೊರಸು ಸಮ ಮಾಡ್ಸಿ. ಲಾಳ ಸವೆದಿಲ್ವಲ್ಲ ಅಂತ ಬಿಟ್ರೆ ಗೊರಸು ಲಾಳದ ಮೇಲೆ ಬೆಳೆದು ಕೂತ್ಕೊಳತ್ತೆ. ಮೈಸೂರವ್ರು ಸಿಗ್ಲಿಲ್ಲ ಅಂದ್ರೆ ಮೆಸೇಜ್ ಹಾಕಿ, ಅಪ್ಪ ಈಗ ಬಗ್ಗೋಕಾಗಲ್ಲ, ಆದ್ರೆ ಪಕ್ಕದಲ್ಲಿ ಕೂತು ಆ ಹಿರೀಕರಿಗೆ ಹೇಳ್ಕೊಡ್ತಾರೆ.

ಬೆಳಗಾವಿ_ಗಾಡಿ:
ಇದು ಚಲೋ ಆತು ನೋಡ್ರಿ. ಗುರುತು ತಪ್ಪಿದ ಮೊಳಿ ಆ ಅಜ್ಜಗ ತೋರಿಸಿದ್ರೇನು?

ತೋಟದ_ಕುದುರೆ:
ತೋರಿಸ್ದೆ. ಕನ್ನಡಕ ತೆಗೆದು, ಮತ್ತೆ ಹಾಕ್ಕೊಂಡು ನೋಡಿ, ಜೇಬಲ್ಲಿ ಇಟ್ಕೊಂಡು ಹೋದ್ರು.