ಅಪ್ಪ ಅಮ್ಮ ಕಾಶಿಗೆ ಹೊರಟಿದ್ದಾರೆ, ಫೋನು ದುಡ್ಡು ಜೋಪಾನ ಮಾಡೋದು ಹೇಗೆ?

ಮಲ್ಲೇಶ್ವರದ ಮಗಳು

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 68, ಅಮ್ಮನಿಗೆ 63. ಮುಂದಿನ ತಿಂಗಳು ಬೈಯಪ್ಪನಹಳ್ಳಿಯಿಂದ ಸಂಘಮಿತ್ರ ರೈಲು ಹತ್ತುತ್ತಾರೆ. ಎರಡು ರಾತ್ರಿ ರೈಲಿನಲ್ಲೇ. ಮೊಘಲ್‌ಸರಾಯ್‌ನಲ್ಲಿ (ಈಗ ಪಂಡಿತ್ ದೀನ್ ದಯಾಳ್ ಉಪಾಧ್ಯಾಯ ಜಂಕ್ಷನ್ ಅಂತ ಹೆಸರು) ಇಳಿದು ಅಲ್ಲಿಂದ ಆಟೋದಲ್ಲಿ ಕಾಶಿಗೆ. ಇಬ್ಬರೇ ಹೋಗುತ್ತಿದ್ದಾರೆ. ಅಪ್ಪನಿಗೆ ಹಿಂದಿ ಅಷ್ಟಿಷ್ಟು ಬರುತ್ತದೆ, ಅಮ್ಮನಿಗೆ ಬರುವುದಿಲ್ಲ.

ಸುಮ್ನೆ ಹೆದರುತ್ತಿಲ್ಲ. ಹೋದ ವರ್ಷ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತುವ ನೂಕುನುಗ್ಗಲಲ್ಲಿ ಅಮ್ಮನ ಬ್ಯಾಗಿಗೆ ಬ್ಲೇಡ್ ಹಾಕಿ ಪರ್ಸ್ ಎತ್ತಿದರು. ಅದರಲ್ಲಿ ಎಟಿಎಂ ಕಾರ್ಡ್ ಇತ್ತು, ಕಾರ್ಡಿನ ಕವರ್ ಮೇಲೆ ಪಿನ್ ಬರೆದಿಟ್ಟಿದ್ದರು. ನಾವು ಬೈಯುತ್ತೇವೆ ಅಂತ ಅಮ್ಮ ಎರಡು ದಿನ ಹೇಳಲೇ ಇಲ್ಲ. ಅಷ್ಟರಲ್ಲಿ 18 ಸಾವಿರ ಹೋಗಿತ್ತು. ಈಗ ಅಪ್ಪನ ಪಿಂಚಣಿ ಖಾತೆಯೇ ಫೋನ್‌ಪೇಗೆ ಜೋಡಣೆಯಾಗಿದೆ. ಹೊರಡುವ ಮುಂಚೆ ಏನೇನು ಮಾಡಿಕೊಡಲಿ? ಹೋಗಿ ಬಂದವರು ದಯವಿಟ್ಟು ಹೇಳಿ.

ಸೈಡ್ ಲೋಯರ್

ಆ ರೈಲಿನಲ್ಲಿ ನಾಲ್ಕೈದು ಸಲ ಹೋಗಿದ್ದೇನೆ. ಕೆಳಗಿನ ಬರ್ತ್ ಅಡಿಯಲ್ಲಿ ಕಬ್ಬಿಣದ ಬಳೆ ಇರುತ್ತದೆ, ಸೂಟ್‌ಕೇಸನ್ನು ಅದಕ್ಕೆ ಚೈನ್ ಹಾಕಿ ಬೀಗ ಹಾಕಿ. ಚೈನನ್ನು ಇಲ್ಲೇ ಚಿಕ್ಕಪೇಟೆಯಲ್ಲಿ ಕೊಂಡುಬಿಡಿ. ದುಡ್ಡು, ಫೋನು, ಮಾತ್ರೆ ಮಾತ್ರ ಆ ಸೂಟ್‌ಕೇಸಿನಲ್ಲಿ ಇಡಬೇಡಿ. ಚಿಕ್ಕ ಚೀಲದಲ್ಲಿ ಹಾಕಿ ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗಲಿ.

ಸ್ಲೀಪರ್ ಬೋಗಿಯಾದರೆ ಕಿಟಕಿ ಪಕ್ಕ ಕೂತು ಫೋನ್ ಹಿಡಿಯಬೇಡಿ ಅಂತ ಖಂಡಿತ ಹೇಳಿ. ರೈಲು ನಿಲ್ದಾಣದಿಂದ ನಿಧಾನಕ್ಕೆ ಹೊರಡುವಾಗ ಹೊರಗಿನಿಂದ ಕೈ ಹಾಕಿ ಕಿತ್ತುಕೊಂಡು ಓಡುತ್ತಾರೆ, ರೈಲು ಹೊರಟಿರುತ್ತದೆ, ಇಳಿಯೋಕೂ ಆಗಲ್ಲ ಹಿಡಿಯೋಕೂ ಆಗಲ್ಲ. ಸರಕ್ಕೂ ಇದೇ ಕಥೆ. ಅಮ್ಮ ಮಾಂಗಲ್ಯವನ್ನು ಅರಿಶಿನ ದಾರದಲ್ಲಿ ಹಾಕಿಕೊಂಡು, ಚಿನ್ನದ ಸರ ಮನೆಯಲ್ಲೇ ಬಿಟ್ಟು ಹೋದರೆ ಒಳ್ಳೇದು. ನಮ್ಮಮ್ಮ ಹಾಗೇ ಮಾಡಿದ್ದರು. ರಾತ್ರಿ ಶೌಚಾಲಯದ ಹತ್ತಿರದ ಪಾಯಿಂಟಿನಲ್ಲಿ ಫೋನ್ ಚಾರ್ಜಿಗೆ ಹಾಕಿ ಬಂದು ಮಲಗುವುದಂತೂ ಬೇಡವೇ ಬೇಡ. ಪವರ್ ಬ್ಯಾಂಕ್ ಕೊಟ್ಟು ಕಳಿಸಿ.

ಪರಿಚಯ ಮಾಡಿಕೊಂಡು ಟೀ, ಬಿಸ್ಕತ್ತು ಕೊಟ್ಟರೆ 'ಇವತ್ತು ಉಪವಾಸ' ಅಂದರೆ ಸಾಕು, ಯಾರೂ ಬಲವಂತ ಮಾಡಲ್ಲ. ಏನಾದರೂ ಕಳುವಾದರೆ ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಲಿ. ದೂರು ಕೊಡೋಕೆ ರೈಲಿನಿಂದ ಇಳಿಯಬೇಕಾಗಿಲ್ಲ, ಟಿಕೆಟ್ ನೋಡುವ ಟಿಟಿಇ ಹತ್ತಿರವೇ ಫಾರಂ ಇರುತ್ತದೆ.

ಕೌಂಟರ್ ನಂಬರ್ 3

ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಇಂಥ ದೂರು ವಾರಕ್ಕೊಂದಾದರೂ ಬರುತ್ತದೆ. ಪಿಂಚಣಿ ಖಾತೆಯನ್ನು ಫೋನ್‌ಪೇಯಿಂದ ಈಗಲೇ ತೆಗೆಯಿರಿ. ಬೇರೆ ಉಳಿತಾಯ ಖಾತೆ ಇದ್ದರೆ ಅದರಲ್ಲಿ ಹತ್ತು ಹದಿನೈದು ಸಾವಿರ ಹಾಕಿ ಅದನ್ನು ಮಾತ್ರ ಜೋಡಿಸಿ. ಖಾಲಿಯಾದಂತೆ ನೀವು ಇಲ್ಲಿಂದ ಹಾಕುತ್ತಾ ಇರಿ. ಹೋದರೂ ಅಷ್ಟೇ ಹೋಗುತ್ತದೆ.

ಇನ್ನೊಂದು ಮುಖ್ಯ, ಇದನ್ನು ಯಾರೂ ಮಾಡಲ್ಲ. ಫೋನಿಗೆ ಲಾಕ್ ಹಾಕಿರುತ್ತಾರೆ, ಸಿಮ್‌ಗೆ ಹಾಕಿರಲ್ಲ. ಕದ್ದವನು ಸಿಮ್ ತೆಗೆದು ತನ್ನ ಫೋನಿಗೆ ಹಾಕಿಕೊಂಡರೆ ಓಟಿಪಿ ಎಲ್ಲ ಅವನಿಗೇ ಬರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಸಿಮ್ ಲಾಕ್ ಅಂತ ಇದೆ, ಅದನ್ನು ಆನ್ ಮಾಡಿ ಪಿನ್ ಬದಲಾಯಿಸಿ. ಆಮೇಲೆ ಫೋನ್ ಆಫ್ ಮಾಡಿ ಆನ್ ಮಾಡಿದಾಗಲೆಲ್ಲ ಆ ಪಿನ್ ಕೇಳುತ್ತದೆ, ಮೂರು ಸಲ ತಪ್ಪು ಹಾಕಿದರೆ ಸಿಮ್ ಬ್ಲಾಕ್ ಆಗಿ, ಅದನ್ನು ಬಿಡಿಸಲು ಸಿಮ್ ಕಂಪನಿಯ ಪಿಯುಕೆ ನಂಬರ್ ಬೇಕಾಗುತ್ತದೆ. ಹಾಗಾಗಿ ಹೊರಡುವ ಹಿಂದಿನ ರಾತ್ರಿ ಮಾಡಬೇಡಿ. ಎರಡು ವಾರ ಮುಂಚೆ ಮಾಡಿ, ಅಪ್ಪನಿಗೆ ರೂಢಿಯಾಗಲಿ.

*#06# ಒತ್ತಿ ಐಎಂಇಐ ನಂಬರ್ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಿ. ಪೊಲೀಸ್ ದೂರಿನ ಪ್ರತಿ ಇದ್ದರೆ ಸರ್ಕಾರದ ಸಂಚಾರ ಸಾಥಿ ವೆಬ್‌ಸೈಟಿನಲ್ಲಿ ಆ ಫೋನನ್ನೇ ಬ್ಲಾಕ್ ಮಾಡಿಸಬಹುದು. ಫೋನ್ ಹೋದರೆ ಮೊದಲು ಸಿಮ್ ಬ್ಲಾಕ್, ಆಮೇಲೆ ಬ್ಯಾಂಕು. ದುಡ್ಡೂ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದರೆ ದುಡ್ಡು ಇನ್ನೊಂದು ಖಾತೆಯಿಂದ ಮುಂದಕ್ಕೆ ಹೋಗುವ ಮುಂಚೆ ತಡೆಯಲು ಆಗುತ್ತದೆ. ನಮ್ಮ ಕೌಂಟರಿಗೆ ಜನ ಮೂರು ದಿನ ಬಿಟ್ಟು ಬರುತ್ತಾರೆ, ಆಗ ನಾವು ಏನೂ ಮಾಡೋಕೆ ಆಗಲ್ಲ, ನಿಜವಾಗಲೂ ಹೊಟ್ಟೆ ಉರಿಯುತ್ತದೆ.

ಜಯನಗರದ ಸೊಸೆ

ನಾವು ಹೋದ ವರ್ಷ ಮೋಸ ಹೋಗಿದ್ದು ಮನೆ ಬಿಡುವ ಮುಂಚೆಯೇ. ಗೂಗಲ್‌ನಲ್ಲಿ ಯಾತ್ರಿ ನಿವಾಸ ಅಂತ ಹುಡುಕಿದೆವು. ಚೆನ್ನಾಗಿದ್ದ ಒಂದು ವೆಬ್‌ಸೈಟ್ ಸಿಕ್ಕಿತು. ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದರೆ ಬಹಳ ಮರ್ಯಾದೆಯಿಂದ ಮಾತಾಡಿ, 'ಎರಡೇ ರೂಮು ಉಳಿದಿದೆ' ಅಂತ ನಾಲ್ಕು ಸಾವಿರ ಹಾಕಿಸಿಕೊಂಡರು. ಅಲ್ಲಿಗೆ ಹೋಗಿ ಕೇಳಿದರೆ ನಮ್ಮ ಹೆಸರೇ ಇಲ್ಲ. ಅತ್ತೆ ರಸ್ತೆಯಲ್ಲೇ ಲಗೇಜ್ ಮೇಲೆ ಕೂತುಬಿಟ್ಟರು.

ಆಮೇಲೆ ನಮಗೆ ಆಸರೆಯಾಗಿದ್ದು ಜಂಗಮವಾಡಿ ಮಠ. ಕರ್ನಾಟಕದವರು ಬಹಳ ಜನ ಉಳಿಯುವ ಜಾಗ. ಅಲ್ಲಿ ಕನ್ನಡ ಮಾತು ಕಿವಿಗೆ ಬಿದ್ದಾಗ ಅತ್ತೆ ಅತ್ತೇಬಿಟ್ಟರು. ಹೋಗಿ ಬಂದವರ ಹತ್ತಿರ ನಂಬರ್ ತಗೊಂಡು ನೀವೇ ಮಾತಾಡಿ, ಗೂಗಲ್‌ನಲ್ಲಿ ಮೇಲೆ ಕಾಣುವ ನಂಬರ್ ನಂಬಬೇಡಿ. ಮುಂದೆ ಕೇದಾರಕ್ಕೆ ಕಳಿಸುವ ಯೋಚನೆ ಇದ್ದರೆ ಹೆಲಿಕಾಪ್ಟರ್ ಟಿಕೆಟಿನಲ್ಲೂ ಇದೇ ಮೋಸ ನಡೆಯುತ್ತದೆ. ಅದನ್ನು ಐಆರ್‌ಸಿಟಿಸಿಯ ಹೆಲಿಯಾತ್ರಾ ಸೈಟಿನಲ್ಲಿ ಮಾತ್ರ ಬುಕ್ ಮಾಡಬೇಕು.

ವಿಶ್ವನಾಥನ ಗುಡಿಯೊಳಗೆ ಫೋನ್ ಬಿಡುವುದಿಲ್ಲ. ಹೊರಗಿನ ಅಂಗಡಿಯವರು 'ಲಾಕರ್ ಫ್ರೀ' ಅಂತ ಕರೆಯುತ್ತಾರೆ, ಫೋನ್ ಇಟ್ಟ ಮೇಲೆ ಪೂಜೆ ಸಾಮಾನಿಗೆ ಬಾಯಿಗೆ ಬಂದಷ್ಟು ಕೇಳುತ್ತಾರೆ. ಫೋನ್ ರೂಮಿನಲ್ಲೇ ಬೀಗ ಹಾಕಿ ಇಟ್ಟು ಬರಿಗೈಯಲ್ಲಿ ಹೋಗಲಿ. ಬೇಗ ದರ್ಶನ ಮಾಡಿಸುತ್ತೇವೆ ಅನ್ನುವ ದಲ್ಲಾಳಿಗಳಿಗೂ ದುಡ್ಡು ಕೊಡಬೇಡಿ. ಬೇಗ ದರ್ಶನಕ್ಕೆ ಇರುವ 'ಸುಗಮ ದರ್ಶನ'ದ ಟಿಕೆಟನ್ನು ಗುಡಿಯ ಟ್ರಸ್ಟೇ ಕೊಡುತ್ತದೆ. ದೋಣಿಗೆ ಹತ್ತುವ ಮುಂಚೆ 'ಒಬ್ಬರಿಗೆ ಎಷ್ಟು, ಎಲ್ಲಿಯವರೆಗೆ' ಎರಡನ್ನೂ ಕೇಳಿಕೊಳ್ಳಲಿ. ಒಂದನ್ನೇ ಕೇಳಿದರೆ ಇಳಿಯುವಾಗ ಜಗಳ.

ನಿವೃತ್ತ ಮೇಷ್ಟ್ರು, ಬಸವನಗುಡಿ

ನೋಡಮ್ಮ, ನನಗೆ 71. ಎಲ್ಲರೂ ಒಳ್ಳೆಯ ಮಾತೇ ಹೇಳಿದ್ದಾರೆ. ಆದರೆ ಇಷ್ಟನ್ನೂ ಒಂದೇ ಸಂಜೆ ನಿಮ್ಮ ಅಪ್ಪನ ತಲೆಗೆ ತುಂಬಿದರೆ ಅವರು ದೇವರ ಮುಂದೆ ನಿಂತರೂ ಜೇಬು ಮುಟ್ಟಿ ನೋಡಿಕೊಳ್ಳುತ್ತಾ ಇರುತ್ತಾರೆ.

ನಿಮ್ಮ ಅಮ್ಮ ಎರಡು ದಿನ ಯಾಕೆ ಹೇಳಲಿಲ್ಲ ಅನ್ನುವುದನ್ನು ಯೋಚನೆ ಮಾಡಿ. ನನಗೂ ಹಾಗೇ ಆಗಿತ್ತು. ಗಾಂಧಿಬಜಾರಿನಲ್ಲಿ ಒಬ್ಬ 'ಸಾರ್, ಅಂಗಿ ಮೇಲೆ ಗಲೀಜು ಬಿದ್ದಿದೆ' ಅಂದ, ನೀರಿನ ಬಾಟಲಿಯನ್ನೂ ಅವನೇ ಕೊಟ್ಟ. ತೊಳೆದುಕೊಂಡು ತಿರುಗಿ ನೋಡಿದರೆ ಕೆಳಗೆ ಇಟ್ಟ ಚೀಲ ಇಲ್ಲ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು, ಮನೆಗೆ ಬಂದು ಮಗನಿಗೆ ಇದನ್ನು ಹೇಗೆ ಹೇಳಲಿ? ಚೀಲದಲ್ಲಿದ್ದ ಪಾಸ್‌ಬುಕ್ಕಿನ ವಿಷಯ ನಾಲ್ಕನೇ ದಿನ ಬಾಯಿಬಿಟ್ಟೆ.

ಈಗಲೇ ಅಮ್ಮನ ಪಕ್ಕ ಕೂತು ಹೇಳಿ: 'ಏನೇ ಹೋದರೂ ಮೊದಲು ನನಗೆ ಫೋನ್ ಮಾಡು, ನಾನು ಬೈಯಲ್ಲ.' ಹೋದ ವರ್ಷದ ವಿಷಯ ಇನ್ನೂ ಆಡಿಕೊಳ್ಳುತ್ತಿದ್ದರೆ ಅದನ್ನೂ ನಿಲ್ಲಿಸಿ. ಇನ್ನೊಂದು, ಫೋನೇ ಹೋದರೆ ನಿಮ್ಮ ನಂಬರ್ ಅವರಿಗೆ ನೆನಪಿರುತ್ತದೆಯೇ? ಒಂದು ಚೀಟಿಯಲ್ಲಿ ನಿಮ್ಮ ನಂಬರ್, 139, 1930, ಪೊಲೀಸರ ತುರ್ತು ನಂಬರ್ 112 ದಪ್ಪಕ್ಷರದಲ್ಲಿ ಬರೆದು ಇಬ್ಬರ ಹತ್ತಿರವೂ ಒಂದೊಂದು ಕೊಡಿ.

ಮಲ್ಲೇಶ್ವರದ ಮಗಳು

ಮೇಷ್ಟ್ರೇ, ನಿಮ್ಮ ಮಾತು ಓದಿ ಅಡುಗೆಮನೆಗೆ ಹೋಗಿ ಅಮ್ಮನಿಗೆ ಹೇಳಿ ಬಂದೆ. ಮೊದಲು ಏನೂ ಮಾತಾಡಲಿಲ್ಲ. ಆಮೇಲೆ, ಆ ದಿನ ಪರ್ಸ್ ಜೊತೆ ಅಜ್ಜಿಯ ಫೋಟೋನೂ ಹೋಯಿತು ಅಂದರು. ನನಗೆ ಗೊತ್ತೇ ಇರಲಿಲ್ಲ. ಅದರ ಇನ್ನೊಂದು ಪ್ರತಿ ಚಿಕ್ಕಮ್ಮನ ಮನೆಯಲ್ಲಿ ಇರಬೇಕು, ಹುಡುಕಿಸುತ್ತೇನೆ.

ಪಿಂಚಣಿ ಖಾತೆ ಇವತ್ತೇ ತೆಗೆದೆ. ಸಿಮ್ ಪಿನ್ ಶನಿವಾರ ಹಾಕುತ್ತೇನೆ. ಜಯನಗರದವರೇ, ಮಠದಲ್ಲಿ ರೂಮಿಗೆ ಎಷ್ಟು ದಿನ ಮುಂಚೆ ಹೇಳಬೇಕು, ಅಲ್ಲಿ ಊಟದ ವ್ಯವಸ್ಥೆ ಇದೆಯಾ?