ಹಳೇ ಲ್ಯಾಪ್‌ಟಾಪ್ ತೆವಳುತ್ತಿದೆ: ಎಸ್‌ಎಸ್‌ಡಿ ಮೊದಲೋ, ರ‍್ಯಾಮ್ ಮೊದಲೋ?

(ಕೀಲಿಮಣೆ, ತಿರುಪುಳಿ, ಮಿಣುಕುದೀಪ: ಇಲ್ಲಿ ಬರೆಯುವವರ ಅಡ್ಡಹೆಸರುಗಳು.)

ಕೀಲಿಮಣೆ (ಪ್ರಶ್ನೆ)

2014ರ ಲ್ಯಾಪ್‌ಟಾಪ್. ಇಂಟೆಲ್ ಕೋರ್ ಐ5 4210ಯು ಸಿಪಿಯು (ಮುಖ್ಯ ಚಿಪ್), 4 ಜಿಬಿ ರ‍್ಯಾಮ್, 5400 ಆರ್‌ಪಿಎಂನ 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಆನ್ ಮಾಡಿದರೆ ಡೆಸ್ಕ್‌ಟಾಪ್ ಬರಲು ಮೂರು ನಿಮಿಷ, ಬ್ರೌಸರ್ ತೆರೆಯಲು ಇನ್ನೊಂದು ನಿಮಿಷ. ನಾಲ್ಕೈದು ಟ್ಯಾಬ್ ಆಗುತ್ತಿದ್ದಂತೆ ಮೌಸ್ ಕೂಡ ತಡವರಿಸುತ್ತದೆ. ಸ್ಟಾರ್ಟಪ್‌ನಲ್ಲಿ ಬೇಡದ್ದನ್ನೆಲ್ಲ ನಿಲ್ಲಿಸಿ, ಟೆಂಪ್ ಫೈಲುಗಳನ್ನು ಅಳಿಸಿದ್ದಾಯಿತು, ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಕೆಲಸ ಎಂದರೆ ಬ್ರೌಸರ್, ವರ್ಡ್, ಎಕ್ಸೆಲ್, ವೀಡಿಯೊ ಅಷ್ಟೇ.

ಸದ್ಯಕ್ಕೆ ಒಂದಕ್ಕೆ ಮಾತ್ರ ದುಡ್ಡು ಹಾಕುವುದಾದರೆ, ಹಾರ್ಡ್ ಡಿಸ್ಕ್ ಬದಲಿಗೆ ಹಾಕುವ, ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿಗೋ, ರ‍್ಯಾಮ್‌ಗೋ? ರಿಜಿಸ್ಟ್ರಿ ಕ್ಲೀನರ್, ರ‍್ಯಾಮ್ ಬೂಸ್ಟರ್ ಅಂತ ಸಿಗುವ ಸಾಫ್ಟ್‌ವೇರ್‌ಗಳಿಂದ ಏನಾದರೂ ಉಪಯೋಗ ಇದೆಯೇ?

ತಿರುಪುಳಿ

ಕೊನೆಯದಕ್ಕೆ ಮೊದಲು: ಆ ಕ್ಲೀನರ್, ಬೂಸ್ಟರ್‌ಗಳ ಕಡೆ ತಲೆ ಹಾಕಿಯೂ ಮಲಗಬೇಡಿ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ನೂರಾರು ಹಳೇ ನಮೂದು ಉಳಿದಿದ್ದರೂ ವೇಗಕ್ಕೆ ಏನೂ ಆಗುವುದಿಲ್ಲ. ತಪ್ಪಾದದ್ದನ್ನು ಅಳಿಸಿದರೆ ಮಾತ್ರ ಆಗಬಾರದ್ದು ಆಗುತ್ತದೆ. ಬೂಸ್ಟರ್ ಮಾಡುವುದು ರ‍್ಯಾಮ್‌ನಲ್ಲಿದ್ದದ್ದನ್ನು ಡಿಸ್ಕಿಗೆ ತಳ್ಳುವ ಕೆಲಸ. ಮರುಕ್ಷಣ ಅದೇ ಮತ್ತೆ ಬೇಕಾದಾಗ ಡಿಸ್ಕಿನಿಂದ ಓದಬೇಕು. ನಿಮ್ಮಲ್ಲಿ ನಿಧಾನ ಇರುವುದೇ ಅಲ್ಲಿ.

ಲಕ್ಷಣ ನೋಡಿದರೆ ಹಾರ್ಡ್ ಡಿಸ್ಕ್ ಮೇಲೇ ಅನುಮಾನ. ನಿಮಿಷಕ್ಕೆ 5400 ಸುತ್ತು ಅಂದರೆ ಒಂದು ಸುತ್ತಿಗೆ 11 ಮಿಲಿಸೆಕೆಂಡ್. ಓದುವ ತಲೆ ಸರಿಯಾದ ಜಾಗಕ್ಕೆ ಸರಿಯಬೇಕು, ಬೇಕಾದ ತುಣುಕು ತಿರುಗಿ ಅದರ ಕೆಳಗೆ ಬರಬೇಕು. ಎರಡೂ ಸೇರಿದರೆ ಚದುರಿದ ಸಣ್ಣ ತುಣುಕುಗಳನ್ನು ಸೆಕೆಂಡಿಗೆ 60–80 ಓದಿದರೆ ಹೆಚ್ಚು. ಆದರೆ ವಿಂಡೋಸ್ ಶುರುವಾಗುವಾಗ ಕೇಳುವುದೇ ಇಂಥ ಸಾವಿರಾರು ತುಣುಕುಗಳನ್ನು. ಸಾಮಾನ್ಯ ಸಾಟಾ (ಡಿಸ್ಕ್ ಜೋಡಿಸುವ ಒಂದು ಬಗೆಯ ಸಂಪರ್ಕ) ಎಸ್‌ಎಸ್‌ಡಿಯಲ್ಲಿ ಸರಿಯುವ ತಲೆಯೂ ಇಲ್ಲ, ತಿರುಗುವ ತಟ್ಟೆಯೂ ಇಲ್ಲ. ಸೆಕೆಂಡಿಗೆ ಹತ್ತಾರು ಸಾವಿರ ತುಣುಕು ಸಲೀಸು.

ಆದರೂ ಕೊಳ್ಳುವ ಮುಂಚೆ ಅಳತೆ ತೆಗೆಯಿರಿ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಟ್ಯಾಬ್ ತೆರೆದು, ಚಾರ್ಜರ್ ಹಾಕಿಕೊಂಡೇ ಬ್ರೌಸರ್‌ನಲ್ಲಿ ಐದಾರು ಟ್ಯಾಬ್ ಒಟ್ಟಿಗೆ ತೆರೆಯಿರಿ. ಡಿಸ್ಕ್‌ನ ಆ್ಯಕ್ಟಿವ್ ಟೈಮ್ ಎಷ್ಟು, ಆಗ ಎಷ್ಟು ಎಂಬಿ ಓದುತ್ತಿದೆ, ರೆಸ್ಪಾನ್ಸ್ ಟೈಮ್ ಎಷ್ಟು. ಮೆಮರಿಯಲ್ಲಿ ಕಮಿಟೆಡ್ (ಎಲ್ಲ ಪ್ರೋಗ್ರಾಂಗಳು ಸೇರಿ ಕಾಯ್ದಿರಿಸಿಕೊಂಡದ್ದು) ಎಷ್ಟು, ಸ್ಲಾಟ್ ಎಷ್ಟು ತುಂಬಿವೆ. ಸಿಪಿಯು ಶೇಕಡಾ ಎಷ್ಟು, ಗಿಗಾಹರ್ಟ್ಸ್ ಎಷ್ಟು, ಅಪ್ ಟೈಮ್ (ಶುರುವಾಗಿ ಎಷ್ಟು ಹೊತ್ತಾಯಿತು) ಎಷ್ಟು ದಿನ. ಇಷ್ಟು ಬರೆಯಿರಿ. ಜೊತೆಗೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಟ್ಟುಕೊಳ್ಳುವ ಲೆಕ್ಕದ (ಸ್ಮಾರ್ಟ್) 05, ಸಿ5, ಸಿ7 ಸಾಲುಗಳಲ್ಲಿ ಏನಿದೆ ನೋಡಿ.

ಕೀಲಿಮಣೆ

ಡಿಸ್ಕ್: 100%, ಓದುತ್ತಿರುವುದು ಸೆಕೆಂಡಿಗೆ 1.2 ಎಂಬಿ, ರೆಸ್ಪಾನ್ಸ್ ಟೈಮ್ 700–900 ಮಿಲಿಸೆಕೆಂಡ್.
ಮೆಮರಿ: 3.5/3.9 ಜಿಬಿ, ಕಮಿಟೆಡ್ 6.3/8.0, ಸ್ಲಾಟ್ 2ರಲ್ಲಿ 1.
ಸಿಪಿಯು: 46%ಗೆ ಬಂದು ಅಲ್ಲೇ ನಿಲ್ಲುತ್ತದೆ, 0.79 ಗಿಗಾಹರ್ಟ್ಸ್. ಅಪ್ ಟೈಮ್ 23 ದಿನ, ದಿನಾ ಶಟ್‌ಡೌನ್ ಮಾಡಿದರೂ!
ಸ್ಮಾರ್ಟ್: 05 ಸೊನ್ನೆ, ಸಿ5 ಎದುರು 000000000018, ಸಿ7 ಸೊನ್ನೆ. ಮೇಲೆ ಹಳದಿ ಬಣ್ಣದಲ್ಲಿ ಕಾಷನ್ ಎಂದಿದೆ.

ಸಿಪಿಯು ಅರ್ಧದಷ್ಟು ಖಾಲಿ ಇದೆಯಲ್ಲ, ಅಂದರೆ ಅದರದ್ದೇನೂ ತೊಂದರೆ ಇಲ್ಲ ತಾನೇ?

ಮಿಣುಕುದೀಪ

ತೊಂದರೆ ಅಲ್ಲೇ ಇದೆ. 4210ಯು ಮೂಲ ವೇಗ 1.7 ಗಿಗಾಹರ್ಟ್ಸ್. 0.79 ಅನ್ನು 1.7ರಿಂದ ಭಾಗಿಸಿ: 0.46. ಟಾಸ್ಕ್ ಮ್ಯಾನೇಜರ್ ಶೇಕಡಾ ತೋರಿಸುವುದು ಮೂಲ ವೇಗಕ್ಕೆ ಹೋಲಿಸಿ. ಹಾಗಾಗಿ ಆ 46% ಅಂದರೆ ಅರ್ಧ ಖಾಲಿ ಅಂತಲ್ಲ, ಕೈಕಾಲು ಕಟ್ಟಿಸಿಕೊಂಡ ಸಿಪಿಯು ಪೂರ್ತಿ ದುಡಿಯುತ್ತಿದೆ ಅಂತ. ಸುಮ್ಮನಿದ್ದಾಗ 0.79 ತೋರಿಸಿದರೆ ಸಹಜ, ವಿದ್ಯುತ್ ಉಳಿಸಲು ಇಳಿದಿರುತ್ತದೆ. ಕೆಲಸ ಕೊಟ್ಟಾಗಲೂ ಮೇಲೇಳುತ್ತಿಲ್ಲ ಅಂದರೆ ಯಾರೋ ತಡೆ ಹಿಡಿದಿದ್ದಾರೆ.

ಈಗ ಚಾರ್ಜರ್ ಕಿತ್ತು, ಬ್ಯಾಟರಿಯಲ್ಲೇ ಅದೇ ಐದಾರು ಟ್ಯಾಬ್ ತೆರೆಯಿರಿ. ವೇಗ 2 ಗಿಗಾಹರ್ಟ್ಸ್ ದಾಟಿದರೆ ಕಾರಣ ಚಾರ್ಜರ್. ಹಲವು ಲ್ಯಾಪ್‌ಟಾಪ್‌ಗಳ ಚಾರ್ಜರ್ ಪಿನ್ನಿನ ನಟ್ಟನಡುವೆ ಸೂಜಿಯಂಥ ತೆಳುವಾದ ಇನ್ನೊಂದು ಪಿನ್ ಇರುತ್ತದೆ. ಕರೆಂಟ್ ಹರಿಯುವುದು ಅದರಲ್ಲಲ್ಲ; ‘ನಾನು ಇಷ್ಟು ವ್ಯಾಟಿನ ಚಾರ್ಜರ್’ ಎಂದು ಹೇಳುವುದು ಅದರ ಕೆಲಸ. ಅದು ಬಾಗಿದರೆ, ಮುರಿದರೆ, ಅಥವಾ ಚಾರ್ಜರ್‌ನಲ್ಲಿ ಆ ವ್ಯವಸ್ಥೆಯೇ ಇಲ್ಲದಿದ್ದರೆ ಮದರ್‌ಬೋರ್ಡ್ ಚಾರ್ಜರನ್ನು ನಂಬುವುದಿಲ್ಲ. ಹೆಚ್ಚು ಎಳೆದರೆ ಸುಟ್ಟುಹೋದೀತು ಎಂದು ಸಿಪಿಯುವನ್ನು ಕನಿಷ್ಠ ವೇಗದಲ್ಲಿ ಕಟ್ಟಿಹಾಕುತ್ತದೆ. ‘ಪ್ಲಗ್ಡ್ ಇನ್, ನಾಟ್ ಚಾರ್ಜಿಂಗ್’ ಅಂತ ಬರುತ್ತಿದ್ದರೆ ಅನುಮಾನವೇ ಬೇಡ. ಬಯಾಸ್‌ಗೆ (ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ, ಮದರ್‌ಬೋರ್ಡಿನ ಸೆಟ್ಟಿಂಗ್ ಪುಟ) ಹೋಗಿ ಅಡಾಪ್ಟರ್ ಯಾವುದೆಂದು ಬರೆದಿದೆಯೋ ನೋಡಿ. ಕೆಲವುದರಲ್ಲಿ ಅನ್‌ನೋನ್ ಎಂದು ನೇರವಾಗಿಯೇ ಬರುತ್ತದೆ.

ಬದಲಿ ಚಾರ್ಜರ್ ತರುವಾಗ ವೋಲ್ಟೇಜ್ ಲ್ಯಾಪ್‌ಟಾಪ್‌ನ ಅಡಿಯಲ್ಲಿ ಬರೆದಷ್ಟೇ ಇರಬೇಕು. ವ್ಯಾಟ್ ಅಷ್ಟೇ ಅಥವಾ ಹೆಚ್ಚು. 19.5 ವೋಲ್ಟ್, 3.33 ಆಂಪಿಯರ್ ಎಂದಿದ್ದರೆ ಅದು 65 ವ್ಯಾಟ್, 2.31 ಆಂಪಿಯರ್‌ನದು 45 ವ್ಯಾಟ್, ಪಿನ್ ಸರಿಹೊಂದಿದರೂ ಸಾಲದು. ಹೊಸ ಚಾರ್ಜರ್‌ಗೂ ಹೀಗೇ ಆದರೆ ಲ್ಯಾಪ್‌ಟಾಪ್ ಕಡೆಯ ಜಾಕ್ ನೋಡಬೇಕು.

ಥ್ರಾಟಲ್‌ಸ್ಟಾಪ್ ಎಂಬ ತಂತ್ರಾಂಶದಲ್ಲಿ ‘BD PROCHOT’ (ವೇಗ ಇಳಿಸು ಎಂದು ಬೋರ್ಡು ಸಿಪಿಯುಗೆ ಕಳುಹಿಸುವ ಸಂಕೇತ) ಎಂಬ ಟಿಕ್ ತೆಗೆದರೆ ವೇಗ ತಕ್ಷಣ ಮರಳುತ್ತದೆ. ಕಾರಣ ಇದೇ ಹೌದೋ ಅಲ್ಲವೋ ಎಂದು ತಿಳಿಯಲು ಸಾಕು, ಆಮೇಲೆ ಟಿಕ್ ಮತ್ತೆ ಹಾಕಿಬಿಡಿ. ಬೋರ್ಡಿನ ಬೇರೆ ಭಾಗ ಕಾದಾಗ ಕೂಗುವುದೂ ಅದೇ ತಂತಿಯ ಮೂಲಕ.

ಅಪ್ ಟೈಮ್ 23 ದಿನ ಬಂದದ್ದು ಫಾಸ್ಟ್ ಸ್ಟಾರ್ಟಪ್‌ನಿಂದ. ಶಟ್‌ಡೌನ್ ಎಂದರೂ ವಿಂಡೋಸ್ ತನ್ನ ಒಳಭಾಗವನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ. ನಿಜವಾಗಿ ಹೊಸದಾಗಿ ಶುರುವಾಗುವುದು ರೀಸ್ಟಾರ್ಟ್ ಕೊಟ್ಟಾಗ.

ತಿರುಪುಳಿ

0.79 ನನ್ನ ಲೆಕ್ಕದಲ್ಲಿ ಇರಲಿಲ್ಲ, ಮಿಣುಕುದೀಪ ಹೇಳಿದ್ದನ್ನು ಮೊದಲು ಮಾಡಿ. ಆದರೆ ಅದಕ್ಕೂ ಮುಂಚೆ ಇಂದೇ ಫೈಲುಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿ. ಸಿ5 ಅಂದರೆ ಓದಲು ಕೈಕೊಟ್ಟು, ಮುಂದೇನೆಂದು ತೀರ್ಮಾನವಾಗದೆ ನಿಂತಿರುವ ಸೆಕ್ಟರ್‌ಗಳು, ಅಂದರೆ ಡಿಸ್ಕಿನ ಸಣ್ಣ ತುಣುಕುಗಳು. ಆ ತಂತ್ರಾಂಶ ತೋರಿಸುವುದು ಹದಿನಾರರ ಮೂಲದ ಸಂಖ್ಯೆ, ಆದ್ದರಿಂದ 18 ಅಂದರೆ 24. ಅಂಥ ಜಾಗ ಸಿಕ್ಕಾಗ ಡಿಸ್ಕ್ ಮತ್ತೆ ಮತ್ತೆ ಓದಲು ಒದ್ದಾಡುತ್ತದೆ. ನಿಮ್ಮ 900 ಮಿಲಿಸೆಕೆಂಡಿಗೆ ಇದೂ ಒಂದು ಕಾರಣ ಇರಬಹುದು. ಡಿಫ್ರಾಗ್ (ಚದುರಿದ ಫೈಲ್ ತುಣುಕುಗಳನ್ನು ಒಟ್ಟುಗೂಡಿಸುವುದು), ಇಡೀ ಡಿಸ್ಕ್ ಜಾಲಾಡುವ ಚೆಕ್‌ಡಿಸ್ಕ್, ಎರಡೂ ಈಗ ಬೇಡ. ಸಾಯುತ್ತಿರುವ ಡಿಸ್ಕನ್ನು ಗಂಟೆಗಟ್ಟಲೆ ಓಡಿಸಿದರೆ ಇರುವುದೂ ಹೋದೀತು. ದಾಖಲೆ, ಫೋಟೊ ಮೊದಲು. ಬ್ರೌಸರ್‌ನ ಬುಕ್‌ಮಾರ್ಕ್, ಪಾಸ್‌ವರ್ಡ್ ಆಮೇಲೆ.

ಕ್ಲೋನ್ (ಇಡೀ ಡಿಸ್ಕನ್ನು ಇದ್ದಂತೆಯೇ ನಕಲು) ಮಾಡುವ ಯೋಚನೆ ಬಿಡಿ. ಕೆಟ್ಟ ಸೆಕ್ಟರ್ ಬಂದ ಕಡೆ ನಿಂತುಬಿಡುತ್ತದೆ, ಅಥವಾ ಹಾಳಾದ ಸಿಸ್ಟಂ ಫೈಲನ್ನೇ ಹೊಸ ಡಿಸ್ಕಿಗೆ ಹೊತ್ತೊಯ್ಯುತ್ತದೆ. ಹೊಸದಾಗಿ ಇನ್‌ಸ್ಟಾಲ್ ಮಾಡಿ.

ಕೊಳ್ಳಬೇಕಾದ್ದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ, 7 ಮಿಮೀ ದಪ್ಪದ್ದು. ಹಳೆಯದು 9.5 ಮಿಮೀ ಇದ್ದು, ಹೊಸದು ಸಡಿಲವಾಗಿ ಆಡಿದರೆ 2.5 ಮಿಮೀ ಚೌಕಟ್ಟು ಅಂಟಿಸಿ. ಸಾಟಾದ ಮಿತಿ ಸೆಕೆಂಡಿಗೆ ಸುಮಾರು 550 ಎಂಬಿ, ಅದಕ್ಕಿಂತ ವೇಗದ್ದೆಂದು ಹೆಚ್ಚು ಕೊಡುವುದು ವ್ಯರ್ಥ. ಎಷ್ಟು ಜಿಬಿ ಎಂಬುದರಲ್ಲಿ ಮಾತ್ರ ಜಿಪುಣತನ ಬೇಡ: ಐದನೇ ಒಂದು ಭಾಗ ಸದಾ ಖಾಲಿ ಉಳಿಯುವಷ್ಟು ಇರಲಿ. ತುಂಬಿದ ಎಸ್‌ಎಸ್‌ಡಿ ಬರೆಯುವಾಗ ಮುಗ್ಗರಿಸುತ್ತದೆ.

ಬಿಚ್ಚುವಾಗ: ಬ್ಯಾಟರಿ ತೆಗೆದು ಪವರ್ ಬಟನ್ 15 ಸೆಕೆಂಡ್ ಒತ್ತಿಹಿಡಿಯಿರಿ. ಕಾಗದದ ಮೇಲೆ ಲ್ಯಾಪ್‌ಟಾಪ್‌ನ ಅಡಿಯ ಚಿತ್ರ ಬರೆದು, ತೆಗೆದ ತಿರುಪನ್ನು ಆಯಾ ಜಾಗಕ್ಕೇ ಚುಚ್ಚಿಡಿ. ಗಿಡ್ಡ ತಿರುಪಿನ ರಂಧ್ರಕ್ಕೆ ಉದ್ದದ್ದು ಹಾಕಿ ಬಿಗಿದರೆ ಟಚ್‌ಪ್ಯಾಡ್ ಪಕ್ಕ ಮೊಡವೆಯಂತೆ ಉಬ್ಬು ಬರುತ್ತದೆ. ರಬ್ಬರ್ ಪಾದಗಳ ಕೆಳಗೂ ತಿರುಪು ಅಡಗಿರುತ್ತದೆ; ಮುಚ್ಚಳ ಒಂದು ಮೂಲೆಯಲ್ಲಿ ಮಾತ್ರ ಬರದಿದ್ದರೆ ಎಳೆಯಬೇಡಿ, ಹುಡುಕಿ. ಕೀಬೋರ್ಡ್‌ನ ಪಟ್ಟಿ ಕೇಬಲ್‌ಗೆ ಕಪ್ಪು ರೆಪ್ಪೆಯಂಥ ಚಿಲಕ ಇರುತ್ತದೆ. ಅದನ್ನು ಉಗುರಿನಿಂದ ಮೇಲೆತ್ತಿದ ಮೇಲೆ ಕೇಬಲ್ ತಾನಾಗಿಯೇ ಬರುತ್ತದೆ.

ರ‍್ಯಾಮ್: ಕಮಿಟೆಡ್ 6.3, ಇರುವುದು 3.9. ಹಿಡಿಯದೆ ಉಳಿದದ್ದರಲ್ಲಿ ಬಹುಪಾಲು ಪೇಜ್ ಫೈಲಿಗೆ, ಅಂದರೆ ಅದೇ ಡಿಸ್ಕಿಗೆ. ಆದ್ದರಿಂದ ನಿಮ್ಮ ಪ್ರಶ್ನೆಗೆ ಉತ್ತರ ಎಸ್‌ಎಸ್‌ಡಿ ಮೊದಲು; ಡಿಸ್ಕ್ ಸಾಯುತ್ತಿರುವಾಗ ಬೇರೆ ಆಯ್ಕೆಯೂ ಇಲ್ಲ. ಎರಡನೆಯದಕ್ಕೆ ಕೈ ಸಾಗಿದಾಗ 4 ಜಿಬಿಯ ಇನ್ನೊಂದು ಪಟ್ಟಿ: ಡಿಡಿಆರ್3ಎಲ್, 1600, 204 ಪಿನ್ನಿನ ಸೋಡಿಮ್ (ಲ್ಯಾಪ್‌ಟಾಪ್ ಅಳತೆಯ ಪಟ್ಟಿ), 1.35 ವೋಲ್ಟ್. ಆ ‘ಎಲ್’ ಮರೆಯಬೇಡಿ. 1.5 ವೋಲ್ಟಿನ ಹಳೇ ಡಿಡಿಆರ್3 ಕೂಡ ಅದೇ ಸ್ಲಾಟಿಗೆ ಕೂರುತ್ತದೆ, ಆದರೆ ನಾಲ್ಕನೇ ಪೀಳಿಗೆಯ ಯು ಸರಣಿಗೆ ಬೇಕಿರುವುದು 1.35ರದ್ದೇ, ಪರದೆ ಕಪ್ಪಾಗಿಯೇ ಉಳಿಯಬಹುದು. ಓರೆಯಾಗಿ ತೂರಿಸಿ, ಚಿನ್ನದ ಹಲ್ಲುಗಳು ಎರಡೂ ತುದಿಯಲ್ಲಿ ಒಂದೇ ಸಮ ಮರೆಯಾದ ಮೇಲೆ ಕೆಳಕ್ಕೆ ಒತ್ತಿದರೆ ಎರಡೂ ಬದಿಯ ಕೊಂಡಿ ಟಕ್ ಎನ್ನುತ್ತದೆ. ಎರಡು ಸಮ ಪಟ್ಟಿ ಇದ್ದರೆ ಡ್ಯುಯಲ್ ಚಾನಲ್ ಆಗಿ ಒಳಗಿನ ಗ್ರಾಫಿಕ್ಸ್‌ಗೂ ಲಾಭ.

ಕೀಲಿಮಣೆ

ಫೈಲುಗಳು ಸುರಕ್ಷಿತ. ಬ್ಯಾಟರಿಯಲ್ಲಿ ವೇಗ ಏರಿತು. ಚಾರ್ಜರ್ 45 ವ್ಯಾಟಿನದು, ಬೇಕಿದ್ದದ್ದು 65. ಸರಿಯಾದದ್ದು ಹಾಕಿದ ಮೇಲೆ 2.4 ಗಿಗಾಹರ್ಟ್ಸ್ ತೋರಿಸುತ್ತದೆ, ಆದರೆ ಒಂದು ನಿಮಿಷ ಅಷ್ಟೇ; ಆಮೇಲೆ 1.3ಕ್ಕೆ ಕುಸಿಯುತ್ತದೆ. ಫ್ಯಾನ್ ಜೋರಾಗಿ ಸದ್ದು ಮಾಡುತ್ತದೆ, ಪಕ್ಕದ ಕಿಂಡಿಯಿಂದ ಗಾಳಿ ಮಾತ್ರ ಅಷ್ಟಾಗಿ ಬರುತ್ತಿಲ್ಲ. ತಾಪ ತೋರಿಸುವ ಎಚ್‌ಡಬ್ಲ್ಯುಇನ್ಫೋದಲ್ಲಿ ಸಿಪಿಯು 98 ಡಿಗ್ರಿ.

ಮಿಣುಕುದೀಪ

ಇಷ್ಟು ದಿನ 0.79ರಲ್ಲಿ ಇದ್ದುದರಿಂದ ಬಿಸಿಯೇ ಆಗುತ್ತಿರಲಿಲ್ಲ, ಧೂಳು ಬಯಲಿಗೆ ಬಂದಿರಲಿಲ್ಲ. ಈ ಸಿಪಿಯುವಿನ ಮಿತಿ 100 ಡಿಗ್ರಿ; ಅದರ ಹತ್ತಿರ ಬಂದಾಗ ತಾನೇ ವೇಗ ಇಳಿಸಿಕೊಳ್ಳುತ್ತದೆ.

ಸದ್ದಿದ್ದೂ ಗಾಳಿ ಇಲ್ಲ ಅಂದರೆ ಫ್ಯಾನ್ ಮತ್ತು ತಾಮ್ರದ ರೆಕ್ಕೆಗಳ ನಡುವೆ ಧೂಳು ಕಂಬಳಿಯಂತೆ ಹೆಪ್ಪುಗಟ್ಟಿದೆ. ಹೊರಗಿನಿಂದ ಊದಿದರೆ ಅದು ಹೋಗುವುದಿಲ್ಲ, ಒಳಕ್ಕೆ ಸರಿದು ಮತ್ತೆ ಬಂದು ಕೂರುತ್ತದೆ. ಎಸ್‌ಎಸ್‌ಡಿಗೆಂದು ಹೇಗೂ ಬಿಚ್ಚುತ್ತೀರಿ; ಫ್ಯಾನಿನ ತಿರುಪು ತೆಗೆದು ಪಕ್ಕಕ್ಕೆ ಸರಿಸಿದರೆ ಆ ಪದರ ಇಡಿಯಾಗಿ ಚಿಮಟಕ್ಕೆ ಸಿಗುತ್ತದೆ. ಉಳಿದದ್ದಕ್ಕೆ ಬ್ರಷ್. ಗಾಳಿ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳು.

ಹತ್ತು ವರ್ಷದ ಥರ್ಮಲ್ ಪೇಸ್ಟ್ (ಚಿಪ್‌ನ ಬಿಸಿಯನ್ನು ತಾಮ್ರಕ್ಕೆ ದಾಟಿಸುವ ಲೇಪ) ಸುಣ್ಣದಂತೆ ಒಣಗಿರುತ್ತದೆ, ಅದನ್ನೂ ಬದಲಿಸಿ. ತಾಮ್ರದ ಪಟ್ಟಿಯ ತಿರುಪುಗಳ ಪಕ್ಕ 1, 2, 3, 4 ಎಂದು ಬರೆದಿರುತ್ತದೆ: ಸಡಿಲಿಸುವಾಗ 4ರಿಂದ ಹಿಂದಕ್ಕೆ, ಬಿಗಿಯುವಾಗ 1ರಿಂದ, ಪ್ರತಿಯೊಂದನ್ನೂ ಸ್ವಲ್ಪ ಸ್ವಲ್ಪವೇ. ಒಂದೇ ಮೂಲೆ ಪೂರ್ತಿ ಬಿಗಿದರೆ ಬರಿಮೈ ಚಿಪ್‌ನ ಅಂಚು ಚಕ್ಕೆ ಏಳುತ್ತದೆ. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. 4210ಯುನಲ್ಲಿ ಒಂದೇ ಹಲಗೆಯ ಮೇಲೆ ಎರಡು ಹೊಳೆಯುವ ಚಿಪ್ ಕಾಣುತ್ತವೆ. ದೊಡ್ಡದು ಸಿಪಿಯು, ಅದಕ್ಕೆ ಅಕ್ಕಿಕಾಳಿನಷ್ಟು ಪೇಸ್ಟ್. ಹೀಟ್‌ಸಿಂಕ್ (ಆ ತಾಮ್ರದ ಪಟ್ಟಿ) ಎಲ್ಲೆಲ್ಲಿ ದಪ್ಪ ಮೆತ್ತೆ ಇಟ್ಟು ಮುಟ್ಟುತ್ತದೋ ಅಲ್ಲಿ ಆ ಮೆತ್ತೆಯೇ ಇರಲಿ. ಪೇಸ್ಟ್ ಆ ಸಂದನ್ನು ತುಂಬಲಾರದು.

ಕೀಲಿಮಣೆ

ಆಗಲಿ. ಎಸ್‌ಎಸ್‌ಡಿಗೆ ಮತ್ತೆ ವಿಂಡೋಸ್ 10 ಹಾಕುವುದೋ, 11 ಹಾಕುವುದೋ?

ತಿರುಪುಳಿ

ವಿಂಡೋಸ್ 10ಕ್ಕೆ ಸಾಮಾನ್ಯ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. 11 ಕೇಳುವುದು ಇಂಟೆಲ್‌ನ ಎಂಟನೇ ಪೀಳಿಗೆ ಅಥವಾ ನಂತರದ್ದು ಮತ್ತು ಟಿಪಿಎಂ 2.0 (ಭದ್ರತಾ ಚಿಪ್), ನಿಮ್ಮದು ನಾಲ್ಕನೆಯದು. ತಪಾಸಣೆ ತಪ್ಪಿಸಿ ಹಾಕಬಹುದು, ಆದರೆ ದೊಡ್ಡ ಆವೃತ್ತಿ ಬದಲಾದಾಗಲೆಲ್ಲ ಕೈಯಿಂದಲೇ ಮತ್ತೆ ಅದೇ ಸರ್ಕಸ್. ಬ್ರೌಸರ್, ವೀಡಿಯೊ, ಕಡತಗಳಷ್ಟೇ ಆದರೆ ವಿಂಡೋಸ್ ಬದಲಿಗೆ ಹಾಕಬಹುದಾದ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ 4 ಜಿಬಿಯಲ್ಲೂ ನಡೆಯುತ್ತದೆ. ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿ ವೈಫೈ, ಧ್ವನಿ, ಪರದೆಯ ಬೆಳಕಿನ ಕೀ, ಪ್ರಿಂಟರ್ ನೋಡಿ, ಆಮೇಲೆ ಇನ್‌ಸ್ಟಾಲ್ ಒತ್ತಿ. ಎಕ್ಸೆಲ್‌ನಲ್ಲಿ ಮ್ಯಾಕ್ರೋ ಬಳಸುತ್ತಿದ್ದರೆ ಮಾತ್ರ ಮಿಂಟ್ ನಿಮಗಲ್ಲ. ಅಲ್ಲಿ ವರ್ಡ್, ಎಕ್ಸೆಲ್ ಬದಲಿಗೆ ಬರುವ ಲಿಬ್ರೆಆಫೀಸ್‌ನಲ್ಲಿ ಅವು ಹಲವು ಸಲ ಓಡುವುದಿಲ್ಲ.

ಯಾವುದನ್ನೇ ಹಾಕಿ, ಬಯಾಸ್‌ನಲ್ಲಿ ಸಾಟಾ ಮೋಡ್ ಎಎಚ್‌ಸಿಐ ಇರುವುದನ್ನು ಮೊದಲೇ ನೋಡಿಕೊಳ್ಳಿ. ವಿಂಡೋಸ್ ಹಾಕಿ ಆದ ಮೇಲೆ ಬದಲಿಸಿದರೆ ನೀಲಿ ಪರದೆ. 10ನ್ನೇ ಮತ್ತೆ ಹಾಕುವುದಾದರೆ ಈಗಿರುವ ಆವೃತ್ತಿಯನ್ನೇ ಆರಿಸಿ, ಹೋಮ್ ಇದ್ದರೆ ಹೋಮ್. ಪರವಾನಗಿ ಮದರ್‌ಬೋರ್ಡಿಗೆ ಅಂಟಿಕೊಂಡಿರುವುದರಿಂದ ಕೀ ಕೇಳಿದಾಗ ದಾಟಿ ಮುಂದೆ ಹೋದರೂ ಇಂಟರ್ನೆಟ್ ಸಿಕ್ಕಾಗ ತಾನೇ ಆ್ಯಕ್ಟಿವೇಟ್ ಆಗುತ್ತದೆ.

ಮಿಣುಕುದೀಪ

ವೀಡಿಯೊ ಬಗ್ಗೆ ಒಂದು ಸೇರಿಸುತ್ತೇನೆ. ಯೂಟ್ಯೂಬ್ ಕಳುಹಿಸುವ ವಿಪಿ9, ಎವಿ1 ಬಗೆಯಲ್ಲಿ ಕುಗ್ಗಿಸಿದ ವೀಡಿಯೊ ಬಿಡಿಸಲು ಈ ಪೀಳಿಗೆಯಲ್ಲಿ ಪೂರ್ಣ ಹಾರ್ಡ್‌ವೇರ್ ಇಲ್ಲ, ಭಾರವೆಲ್ಲ ಸಿಪಿಯು ಮೇಲೆ. ಎಚ್.264 ಆದರೆ ಗ್ರಾಫಿಕ್ಸ್ ಚಿಪ್ಪೇ ನೋಡಿಕೊಳ್ಳುತ್ತದೆ. ಯೂಟ್ಯೂಬ್ ಅದನ್ನೇ ಕಳುಹಿಸುವಂತೆ ಮಾಡುವ ಎಚ್264ಇಫೈಯಂಥ ಬ್ರೌಸರ್ ಎಕ್ಸ್‌ಟೆನ್ಶನ್ ಹಾಕಿ, ವೀಡಿಯೊ ಮೇಲೆ ಬಲ ಕ್ಲಿಕ್ ಮಾಡಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ತೆರೆಯಿರಿ. ಕೋಡೆಕ್ ಸಾಲಿನಲ್ಲಿ ಎವಿಸಿ1 ಎಂದಿದ್ದರೆ ಸರಿಯಾಗಿದೆ. ಆ ದಾರಿಯಲ್ಲಿ 1080ಕ್ಕಿಂತ ಮೇಲಿನದು ಸಿಗುವುದಿಲ್ಲ, ಈ ಪರದೆಗೆ ಅದು ಬೇಕಾಗಿಯೂ ಇಲ್ಲ.